ಹಗ್ಗದ ಮೇಲಿನ ಗುರುತುಬಟ್ಟೆ

"ಜನ ಸರಿ ಇಲ್ಲ ಕಣಮ್ಮ. ಜನ ಸರಿ ಇದ್ದಿದ್ರೆ ನಮ್ಮನೆ ಮಗುವಿನ ಎದೆ ಹೀಗೆ ಯಾಕೆ ಗೊರಗೊರ ಅಂತಿತ್ತು?"

ಹೀಗೆಂದವರು ಮೂರನೇ ಮಹಡಿಯ ಅಜ್ಜಿ. ಕೇಳಿಸಿಕೊಂಡವಳು ಬಡಾವಣೆಯ ಆರೋಗ್ಯ ಕೇಂದ್ರದ ನರ್ಸು. ಎಲ್ಲರ ಬಾಯಲ್ಲಿ ನರ್ಸಕ್ಕ. ಅವಳು ಮಗುವಿನ ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟು ಕಿವಿಗೊಟ್ಟಿದ್ದಳು. ಸ್ವಲ್ಪ ತಡೀರಿ ಎಂದು ಕೈಸನ್ನೆ ಮಾಡಿದಳು. ಅಜ್ಜಿ ತಡೆಯಲಿಲ್ಲ. ಅಜ್ಜಿ ತಡೆದದ್ದನ್ನು ಆ ಕಟ್ಟಡದಲ್ಲಿ ಯಾರೂ ಕಂಡಿಲ್ಲ ಬಿಡಿ.

ಮಲಗುವುದಕ್ಕೆ ಇದ್ದದ್ದು ಒಂದೇ ಕೋಣೆ. ಗೋಡೆಯಿಂದ ಗೋಡೆಗೆ ಹಗ್ಗ, ಹಗ್ಗದ ತುಂಬ ಒದ್ದೆ ಬಟ್ಟೆ. ತಲೆ ಬಗ್ಗಿಸದೆ ಒಳಗೆ ಬಂದರೆ ಯಾರದೋ ಅಂಗಿಯ ತೋಳು ಕೆನ್ನೆಗೆ ತಣ್ಣಗೆ ತಾಗುತ್ತಿತ್ತು. ಕಿಟಕಿಯ ಮೂಲೆಯಲ್ಲಿ ಗೋಡೆಗೆ ಕಪ್ಪು ಬೂಷ್ಟು ಹಿಡಿದಿತ್ತು. ಅದರ ಕೆಳಗೇ ಮಗುವಿನ ಹಾಸಿಗೆ. ಮಗು ಮಲಗುವ ಕೋಣೆಯಲ್ಲಿ ಬಟ್ಟೆ ಒಣಗಿಸಬೇಡಿ, ಈ ತೇವವೇ ಅದರ ಉಸಿರಿಗೆ ಶತ್ರು ಎಂದು ಡಾಕ್ಟರು ಹೇಳಿ ಆಗಿತ್ತು. ಹೇಳುವುದು ಸುಲಭ, ಒದ್ದೆ ಬಟ್ಟೆಯನ್ನು ತಲೆಯ ಮೇಲೆ ಹೊತ್ತುಕೊಂಡು ತಿರುಗಲಾಗುತ್ತದೆಯೇ?

ಬೀರುವಿನ ಪಕ್ಕದಲ್ಲಿ ಸೊಸೆಯ ಪ್ರಯಾಣದ ಚೀಲ ಬಾಯಿ ತೆರೆದು ಕೂತಿತ್ತು. ಮಗುವಿನ ಅಂಗಿಗಳು ಮಡಿಸಿಕೊಂಡು ಅದರೊಳಗೆ ಸೇರಿದ್ದವು. "ಈ ತೇವ ಹೋಗೋವರೆಗೂ ತವರಲ್ಲಿ ಇರ್ತೀನಿ ಅತ್ತೆ" ಎಂದು ಸೊಸೆ ಸಿಟ್ಟಿಲ್ಲದೆ ಹೇಳಿದ್ದಳು. ಸಿಟ್ಟಿನಿಂದ ಹೇಳಿದ್ದರೆ ಅಜ್ಜಿಯ ಹತ್ತಿರ ಉತ್ತರವಿತ್ತು. ಮಗು ಈಗಷ್ಟೇ ನಡೆಯಲು ಕಲಿತಿತ್ತು. ಎಲ್ಲಿಂದ ಹೊರಟರೂ ಅದರ ನಡಿಗೆ ಮುಗಿಯುತ್ತಿದ್ದದ್ದು ಅಜ್ಜಿಯ ಮೊಣಕಾಲಿನಲ್ಲಿ. ಆ ಮಗು ಹೊರಟುಹೋಗುತ್ತದೆ ಎಂಬುದೇ ಅಜ್ಜಿಯ ಒಳಗಿನ ಬೆಂಕಿ. ಬಾಯಿಗೆ ಬರುವಷ್ಟರಲ್ಲಿ ಅಕ್ಕಪಕ್ಕದವರ ಮೇಲಿನ ಬೈಗುಳವಾಗುತ್ತಿತ್ತು.

ಮೇಲೆ ತಾರಸಿ ಇದೆಯಲ್ಲ, ಅಲ್ಲೇಕೆ ಹಾಕುವುದಿಲ್ಲ ಎಂದು ನರ್ಸಕ್ಕ ಕೇಳಿದಳು. ಹಗ್ಗ ಖಾಲಿ ಇದ್ದರೆ ತಾನೆ ಎಂದರು ಅಜ್ಜಿ. ಹಾಗಾದರೆ ನೋಡೋಣ ನಡೆಯಿರಿ ಎಂದಳು ಅವಳು.

ತಾರಸಿಗೆ ಬೀಗ. ಬೀಗದ ಕೈ ಎದುರುಮನೆಯ ಟೈಲರಮ್ಮನ ಹತ್ತಿರ. ಅಜ್ಜಿಗೂ ಟೈಲರಮ್ಮನಿಗೂ ಮಾತಿಲ್ಲ. ಸೊಸೆಯೇ ಹೋಗಿ ಕೇಳಿ ತಂದಳು.

ಮೇಲೆ ಒಳ್ಳೆಯ ಬಿಸಿಲಿತ್ತು. ಸಾಲುಸಾಲು ಹಗ್ಗಗಳು, ಎಲ್ಲವೂ ಭರ್ತಿ. ನರ್ಸಕ್ಕ ಒಂದೊಂದೇ ಬಟ್ಟೆ ಮುಟ್ಟಿ ನೋಡುತ್ತ ಬಂದಳು. ಒಂದೂ ಒದ್ದೆ ಇಲ್ಲ. ಬಿಸಿಲಿಗೆ ಬಣ್ಣ ಹೋದ ಪಟ್ಟೆ ಬಟ್ಟೆಯ ಚೂರು, ಹರಿದ ಟವೆಲು, ಜೊತೆಯಿಲ್ಲದ ಕಾಲುಚೀಲಗಳು. ಒಗೆಯುವುದಕ್ಕೆ ಲಾಯಕ್ಕಾದದ್ದು ಅಲ್ಲಿ ಏನೂ ಇರಲಿಲ್ಲ.

ಅವು ಗುರುತುಬಟ್ಟೆಗಳು ಎಂದು ಅಜ್ಜಿ ವಿವರಿಸಿದರು. ಪಟ್ಟೆಯ ಚೂರು ಟೈಲರಮ್ಮನದು. ಕಾಲುಚೀಲ ಮೇಲಿನ ಮಹಡಿಯ ಮೇಷ್ಟ್ರದು. ಗುರುತು ಹಾಕಿದವರಿಗೆ ಆ ಜಾಗ. ಮೊದಲು ಹೀಗಿರಲಿಲ್ಲವಂತೆ. ಯಾರೋ ಒಬ್ಬರಿಗೆ ಒಂದು ದಿನ ಜಾಗ ಸಿಗಲಿಲ್ಲ. ಮಾರನೇ ದಿನಕ್ಕೆ ಅಂತ ಅವರು ಸಂಜೆಯೇ ಒಂದು ಚಿಂದಿ ಕಟ್ಟಿ ಹೋದರು. ಅದನ್ನು ನೋಡಿ ಇನ್ನೊಬ್ಬರು. ಆಮೇಲೆ ಜಗಳ, ಜಗಳಕ್ಕೆ ಪರಿಹಾರವಾಗಿ ಬೀಗ. ಬೀಗ ಬಿದ್ದ ಮೇಲೆ ಬಾಗಿಲು ಯಾವಾಗ ತೆರೆದಿರುತ್ತದೋ ಯಾರಿಗೆ ಗೊತ್ತು? ಸಿಕ್ಕಾಗಲೇ ಹಿಡಿದಿಟ್ಟುಕೊಳ್ಳೋಣ ಎಂದು ಎಲ್ಲರೂ ಇನ್ನೆರಡು ಚಿಂದಿ ಜಾಸ್ತಿ ಕಟ್ಟಿದರು.

"ಈ ಕಾಲುಚೀಲಕ್ಕೆ ಸಿಕ್ಕಷ್ಟು ಬಿಸಿಲು ನಿಮ್ಮ ಮಗುವಿನ ಬಟ್ಟೆಗೆ ಸಿಕ್ಕಿಲ್ಲ ನೋಡಿ" ಎಂದಳು ನರ್ಸಕ್ಕ. ಮತ್ತೆ ಮೂಲೆಯ ಹಗ್ಗದ ಮೇಲಿದ್ದ ನೀಲಿ ಹೂವಿನ ದಿಂಬಿನ ಚೀಲ ತೋರಿಸಿದಳು. "ಇದ್ಯಾರದು?"

ಅಜ್ಜಿ ದೂರದ ನೀರಿನ ಟ್ಯಾಂಕು ನೋಡಿದರು. "ಅದು... ನಮ್ದೇ."

"ಮತ್ತೆ ನಿಮ್ಮ ಒದ್ದೆ ಬಟ್ಟೆ ಇಲ್ಲಿ ಯಾಕಿಲ್ಲ?"

ಬೀಗದ ಕೈ ಕೇಳೋಕೆ ಆ ಟೈಲರಮ್ಮನ ಮುಖ ನೋಡಬೇಕಲ್ಲ ಎಂದರು ಅಜ್ಜಿ.

ನರ್ಸಕ್ಕ ನಗಲಿಲ್ಲ. ಒಂದು ಇಟ್ಟಿಗೆ ಚೂರು ಹುಡುಕಿ ನೆಲದ ಮೇಲೆ ಕೂತಳು. "ನಾಳೆ ಜಾಗ ಸಿಗಲ್ಲ" ಎಂಬ ಭಯ ಇಲ್ಲಿ ಎಂದು ಒಂದು ಚುಕ್ಕಿ ಇಟ್ಟಳು. ಭಯಕ್ಕೆ ಚಿಂದಿ ಕಟ್ಟುತ್ತೇವೆ ಎಂದು ಇನ್ನೊಂದು ಚುಕ್ಕಿಗೆ ಗೆರೆ ಎಳೆದಳು. ಚಿಂದಿಯಿಂದ ಜಾಗ ಕಡಿಮೆ, ಅದಕ್ಕೊಂದು ಗೆರೆ. ಜಾಗ ಕಡಿಮೆಯಾದರೆ ಭಯ ಇನ್ನೂ ಹೆಚ್ಚು ಎಂದು ಗೆರೆಯನ್ನು ಮೊದಲಿನ ಚುಕ್ಕಿಗೇ ತಂದು ಕೂಡಿಸಿದಳು.

ಅಜ್ಜಿ ಸೊಂಟದ ಮೇಲೆ ಕೈಯಿಟ್ಟು ನೋಡಿದರು. "ಇದು ಗಾಣದ ಎತ್ತು ಸುತ್ತಿದ ಹಾಗಾಯ್ತಲ್ಲ."

"ಎತ್ತು ಕೆಟ್ಟದ್ದಾ ಅಜ್ಜಿ?"

"ಎತ್ತೇನು ಮಾಡುತ್ತೆ ಪಾಪ. ಕಟ್ಟಿದವರು ಹಾಗೆ ಕಟ್ಟಿದಾರೆ."

ನಾನು ಹೇಳಬೇಕಾದದ್ದೂ ಇಷ್ಟೇ ಎಂದಳು ನರ್ಸಕ್ಕ. ಅವಳ ಕೇಂದ್ರದಲ್ಲೂ ಜನ ಸಾಲಿನಲ್ಲಿ ಚಪ್ಪಲಿ ಬಿಟ್ಟು ಮನೆಗೆ ಹೋಗಿ ಬರುತ್ತಿದ್ದರಂತೆ. ಹಾಗೆ ಮಾಡಬೇಡಿ ಅಂತ ಬೋರ್ಡು ಹಾಕಿದರು, ಬೈದರು, ಚಪ್ಪಲಿ ಹೆಚ್ಚಾದವು. ಕೊನೆಗೆ ಬಂದವರಿಗೆ ಚೀಟಿ ಕೊಟ್ಟು, ಯಾವ ಹೊತ್ತಿಗೆ ಬಂದರೆ ಸಾಕು ಎಂದು ಹೇಳತೊಡಗಿದರು. ಅದೇ ಜನ, ಅದೇ ಕೇಂದ್ರ. ಚಪ್ಪಲಿ ಸಾಲು ಮಾಯವಾಯಿತು.

ಹಾಗಾದರೆ ನಮಗೂ ಒಂದು ಉಪಾಯ ಹೇಳು ಎಂದರು ಅಜ್ಜಿ. ಬಟ್ಟೆ ಒಗೆಯುವವರು ನೀವು, ಹಗ್ಗ ನಿಮ್ಮದು. ಎಲ್ಲರೂ ಕೂತು ನೀವೇ ಕಟ್ಟಬೇಕು ಎಂದು ಹೇಳಿ ನರ್ಸಕ್ಕ ಮುಂದಿನ ಮನೆಗೆ ಹೊರಟಳು. ಅಜ್ಜಿಗೆ ನಂಬಿಕೆ ಬರಲಿಲ್ಲ. ಆದರೆ ಕೆಳಗಿಳಿದರೆ ಸೊಸೆಯ ಆ ಪ್ರಯಾಣದ ಚೀಲ ಕಾಣುತ್ತದಲ್ಲ. ಸೊಸೆಯ ಹತ್ತಿರ ಹೋಗಿ, ಒಂದು ತಿಂಗಳು ತಡೆಯಮ್ಮ ಎಂದರು. ಸೊಸೆ ಚೀಲವನ್ನು ಎತ್ತಿಡಲಿಲ್ಲ, ಆದರೆ ತಲೆಯಾಡಿಸಿದಳು. ಸದ್ಯಕ್ಕೆ ಬಟ್ಟೆ ಹಗ್ಗವನ್ನು ಅಡುಗೆಮನೆಗೆ ದಾಟಿಸಿದರು. ಅಲ್ಲಿ ಒಲೆಯ ಮುಂದೆ ನಿಂತವರ ಪಾಡು ಕೇಳಬೇಡಿ.

ಭಾನುವಾರ ಬೆಳಗ್ಗೆ ತಾರಸಿಯಲ್ಲಿ ಸಭೆ ಸೇರಿತು. ಎಲ್ಲರೂ ಎಲ್ಲರನ್ನೂ ಬೈದು ಮುಗಿಸಿದ ಮೇಲೆ ಮೇಷ್ಟ್ರು ಮಹಡಿಗೊಂದು ದಿನ ಎಂದು ತೀರ್ಮಾನ ಕೊಟ್ಟು, ಚಿಂದಿಗಳನ್ನೆಲ್ಲ ಬಿಚ್ಚಿಸಿ, ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಗುಂಡಗೆ ಬರೆದರು. ನೋಡಲು ಬಲು ಚೆಂದವಿತ್ತು.

ಆ ವಾರ ಕಳೆಯುವಷ್ಟರಲ್ಲಿ ಚಿಂದಿಗಳು ವಾಪಸು ಬಂದವು. ಎಲ್ಲಕ್ಕಿಂತ ಮೊದಲು ಬಂದದ್ದು ಮೈದಾ ಚೀಲ ಕತ್ತರಿಸಿದ ತುಂಡು. ನೆಲಮಹಡಿಯ ಬ್ರೆಡ್ಡಣ್ಣನದು.

ಮಗುವನ್ನು ನೋಡಲು ನರ್ಸಕ್ಕ ಬಂದಾಗ ಅಜ್ಜಿಗೆ ಒಂಥರಾ ಗೆದ್ದ ಸಂತೋಷ. "ನಾನು ಹೇಳಲಿಲ್ವಾ? ನಾಯಿ ಬಾಲ ಎಷ್ಟು ನೀವಿದ್ರೂ ಡೊಂಕೇ."

"ಬಾಲ ಇರಲಿ ಅಜ್ಜಿ. ಬ್ರೆಡ್ಡಣ್ಣನ್ನ ಕೇಳಿದ್ರಾ, ಯಾಕೆ ಅಂತ?"

ಯಾರೂ ಕೇಳಿರಲಿಲ್ಲ. ಸಭೆಗೂ ಅವನು ಬಂದಿರಲಿಲ್ಲ. ಬರುವುದಾದರೂ ಹೇಗೆ? ಬೇಕರಿಯ ಒಲೆಯ ಮುಂದೆ ರಾತ್ರಿಪಾಳಿ ಮಾಡಿ ಬರುವವನಿಗೆ ಬೆಳಗ್ಗೆ ಅಂದರೆ ನಿದ್ದೆಯ ಹೊತ್ತು.

ಅಜ್ಜಿ ಸಂಜೆ ಅವನು ಏಳುವುದನ್ನು ಕಾದು ಕೆಳಗಿಳಿದರು. ಬ್ರೆಡ್ಡಣ್ಣ ಕಣ್ಣುಜ್ಜುತ್ತ ಸ್ಟೂಲು ಎಳೆದು ಹಾಕಿದ. "ನಿಮ್ಮ ಪಟ್ಟಿ ಪ್ರಕಾರ ನಾನು ವಾರಕ್ಕೊಂದೇ ಸಲ ಬ್ರೆಡ್ ಮಾಡಬೇಕು ಅಜ್ಜಿ. ಏಪ್ರನ್ನು ದಿನಾ ಒಗೀಬೇಕಲ್ಲ." ಅವನ ಮಾತಿನಲ್ಲಿ ಕಹಿ ಇರಲಿಲ್ಲ. ಮಗುವಿನ ಬಟ್ಟೆಯೂ ದಿನದಿನದ್ದೇ ಅಲ್ಲವೇ ಎಂದು ಅಜ್ಜಿಗೆ ಆಗ ಹೊಳೆಯಿತು. ಸಭೆಯಲ್ಲಿ ಅದನ್ನು ಹೇಳಲು ಅವರಿಗೇ ಮರೆತಿತ್ತು. ಇನ್ನೊಂದು ವಿಷಯವನ್ನೂ ಅವನು ಹೇಳಿದ. ಬಿಸಿಲಿದ್ದರೆ ಮಧ್ಯಾಹ್ನದೊಳಗೆ ಎಲ್ಲ ಒಣಗಿರುತ್ತದೆ. ಆದರೆ ಬಟ್ಟೆಯ ಯಜಮಾನರೆಲ್ಲ ಕೆಲಸದಿಂದ ಬರುವುದು ಸಂಜೆಗೆ. ಅಷ್ಟು ಹೊತ್ತೂ ಒಣಗಿದ ಬಟ್ಟೆಯೇ ಬಿಸಿಲು ಕಾಯಿಸುತ್ತಿರುತ್ತದೆ. ನಿದ್ದೆಯ ನಡುವೆ ಎದ್ದು ಹೋದರೆ ಅವನು ಒದ್ದೆ ಏಪ್ರನ್ನು ಹಿಡಿದು ಅದರ ಮುಂದೆ ನಿಲ್ಲಬೇಕು.

"ಒಣಗಿದ್ದನ್ನ ತೆಗೆದು ನಿಂದು ಹಾಕ್ಕೋಬಾರದೇನೋ?"

ಬ್ರೆಡ್ಡಣ್ಣ ಅಜ್ಜಿಯ ಮುಖ ನೋಡಿದ. "ಇನ್ನೊಬ್ಬರ ಬಟ್ಟೆ ಮುಟ್ಟಿದ್ರೆ ಏನಾಗುತ್ತೆ ಅಂತ ನೋಡಿದೀನಲ್ಲ ಅಜ್ಜಿ."

ಅದು ಆ ಕಟ್ಟಡಕ್ಕೆಲ್ಲ ಗೊತ್ತಿದ್ದ ಕಥೆ. ಒಂದು ಬೆಳಗ್ಗೆ ಸಿಟ್ಟಿನಲ್ಲಿ ಟೈಲರಮ್ಮನ ಪಟ್ಟೆಚೂರು ಕಿತ್ತು, ಅದರ ಪಕ್ಕದ ಬಟ್ಟೆಯನ್ನೂ ಸೇರಿಸಿ ನೆಲಕ್ಕೆ ಎಸೆದವರು ಇವರೇ. ಬೀಗ ಬಿದ್ದದ್ದು ಅವತ್ತೇ. ಪರರ ಬಟ್ಟೆ ಮುಟ್ಟಬಾರದು ಎಂಬ ಯಾರೂ ಬರೆಯದ ಕಾನೂನು ಹುಟ್ಟಿದ್ದೂ ಅವತ್ತೇ. ಗಾಣ ಕಟ್ಟಿದವರಲ್ಲಿ ತಾವೂ ಒಬ್ಬರು ಎಂಬುದು ಮೆಟ್ಟಿಲು ಹತ್ತುವಾಗ ಅಜ್ಜಿಯ ಜೊತೆಗೇ ಹತ್ತಿ ಬಂತು.

ಎರಡನೇ ಸಭೆ ಸಂಜೆ ನಡೆಯಿತು, ಬ್ರೆಡ್ಡಣ್ಣ ಎದ್ದ ಮೇಲೆ. ಅಜ್ಜಿಯೇ ಮೊದಲು ಬಾಯಿ ತೆರೆದರು.

"ನಮ್ಮನೆ ಬಟ್ಟೆ ಒಣಗಿದ್ರೆ ಯಾರು ಬೇಕಾದ್ರೂ ತೆಗೀರಿ. ನಾನು ತುಟಿ ಪಿಟಕ್ ಅನ್ನಲ್ಲ."

ಟೈಲರಮ್ಮ ಸೆರಗಿಗೆ ಚುಚ್ಚಿಕೊಂಡಿದ್ದ ಸೂಜಿಯನ್ನು ತೆಗೆದು ಮತ್ತೆ ಅಲ್ಲೇ ಚುಚ್ಚಿದಳು. "ನೆಲಕ್ಕೆ ಹಾಕಬಾರದು" ಎಂದಳು.

"ಹಾಕಬಾರದು. ಅವತ್ತು ಹಾಕಿದ್ದು ನನ್ನ ತಪ್ಪೇ."

ಆಮೇಲೆ ಟೈಲರಮ್ಮ ತನ್ನ ಕಷ್ಟ ಹೇಳಿಕೊಂಡಳು. ಲೈನಿಂಗ್ ಬಟ್ಟೆಯನ್ನು ನೆನೆಸಿ ಒಣಗಿಸದೆ ಹೊಲಿದರೆ ಮೊದಲ ಒಗೆತಕ್ಕೇ ಕುಗ್ಗುತ್ತದೆ, ಗಿರಾಕಿ ಮುಖಕ್ಕೇ ಎಸೆಯುತ್ತಾರೆ. ಅವತ್ತು ನೆಲಕ್ಕೆ ಬಿದ್ದದ್ದು ಅಂಥ ಲೈನಿಂಗು. ಎದುರು ಬಾಗಿಲಲ್ಲೇ ಇದ್ದೂ ಅಜ್ಜಿಗೆ ಅದು ಗೊತ್ತಿರಲಿಲ್ಲ. ಹಗ್ಗ ಹಿಡಿಯುವುದು ಇವಳ ಜಂಬ ಎಂದುಕೊಂಡಿದ್ದರು.

ಮಾತಿಗೆ ಮಾತು ಸೇರಿ ಹೊಸ ಕಟ್ಟು ಬಂತು. ಹಗ್ಗ ಯಾರದೂ ಅಲ್ಲ. ಅದರ ಮೇಲೆ ಒದ್ದೆ ಬಟ್ಟೆ ಮಾತ್ರ. ಮೇಲೆ ಹೋದವರು ಒಣಗಿದ್ದನ್ನು ತೆಗೆದು ಮಡಿಸಿ, ಅವರವರ ಬುಟ್ಟಿಗೆ ಹಾಕಿ, ತಮ್ಮದನ್ನು ಹರವಬೇಕು. ಬುಟ್ಟಿ ಎಲ್ಲಿಂದ ತರುವುದು? ಬೇಕರಿಯಲ್ಲಿ ಮೂಲೆ ಮುರಿದು ಬದಿಗಿಟ್ಟ ಬ್ರೆಡ್ಡಿನ ಟ್ರೇಗಳನ್ನು ಮಾಲೀಕರನ್ನು ಕೇಳಿ ಬ್ರೆಡ್ಡಣ್ಣ ತಂದ. ಯಾವುದು ಯಾರ ಟ್ರೇ ಎಂದು ತಿಳಿಯಬೇಕಲ್ಲ? ಹಗ್ಗದ ಮೇಲಿದ್ದ ಚಿಂದಿಗಳನ್ನೇ ಬಿಚ್ಚಿ ಟೈಲರಮ್ಮ ಒಂದೊಂದಕ್ಕೆ ಒಂದೊಂದು ಕಟ್ಟಿದಳು. ನೀಲಿ ಹೂವಿನ ದಿಂಬಿನ ಚೀಲ ಕೊನೆಗೂ ಒಂದು ಕೆಲಸಕ್ಕೆ ಬಂತು. ಬೀಗ ಮೊಳೆಗೆ ನೇತುಬಿತ್ತು.

ಎಲ್ಲ ಸುಸೂತ್ರವಾಯಿತು ಎಂದುಕೊಳ್ಳಬೇಡಿ. ಮೊದಲ ಮಳೆಗೆ ಟ್ರೇಗಳಲ್ಲಿದ್ದ ಒಣಬಟ್ಟೆಯೆಲ್ಲ ನೆನೆದು ತೊಪ್ಪೆಯಾಯಿತು. ಟ್ರೇಗಳನ್ನು ಮೆಟ್ಟಿಲ ಸೂರಿನ ಕೆಳಗೆ ಸರಿಸಬೇಕಾಯಿತು. ಮೇಷ್ಟ್ರ ಪ್ಯಾಂಟು ಬ್ರೆಡ್ಡಣ್ಣನ ಟ್ರೇ ಸೇರಿ ಬೇಕರಿಯವರೆಗೂ ಹೋಗಿ ಬಂತು. ಆದರೆ ಪ್ರತಿ ಸಲವೂ ಯಾರ ತಪ್ಪು ಎನ್ನುವ ಬದಲು ಎಲ್ಲಿ ತಪ್ಪಿತು ಎಂದು ಕೇಳುವ ಅಭ್ಯಾಸವಾಯಿತು. ಜನ ಮಾತ್ರ ಅವರೇ. ಅಜ್ಜಿಯ ಬಾಯಿಯೂ ಅದೇ.

ಓದುತ್ತಿರುವವರೇ, ಕೇಳುತ್ತಿರುವವರೇ, ನಿಮ್ಮಲ್ಲೂ ಇಂಥದೊಂದು ಹಗ್ಗ ಇದ್ದೇ ಇರುತ್ತದೆ. ಬೀದಿ ನಲ್ಲಿಯ ಮುಂದಿನ ಕೊಡಗಳ ಸಾಲಿರಬಹುದು, ಎಷ್ಟು ಗುಡಿಸಿದರೂ ತುಂಬುವ ಕಸದ ಮೂಲೆಯಿರಬಹುದು, ಶಾಲೆಯ ಗೇಟಿನ ನೂಕುನುಗ್ಗಲಿರಬಹುದು. ಜನ ಸರಿ ಇಲ್ಲ ಎನ್ನುವ ಮೊದಲು ಒಂದು ಇಟ್ಟಿಗೆ ಚೂರು ಹಿಡಿದು ಕೂತುಕೊಳ್ಳಿ. ಒಳ್ಳೆಯವರೂ ಹೀಗೆ ಮಾಡುವಂತೆ ಮಾಡಿದ್ದು ಯಾವುದು, ಅದು ಎಲ್ಲಿಂದ ಎಲ್ಲಿಗೆ ಸುತ್ತುತ್ತಿದೆ ಎಂದು ಗೆರೆ ಎಳೆಯಿರಿ. ನಿಮ್ಮ ದಿಂಬಿನ ಚೀಲವೂ ಅಲ್ಲಿ ಕಂಡೀತು, ನಾಚಬೇಡಿ. ಸಭೆಗೆ ಬಾರದವರ ಮನೆಗೆ ಹೋಗಿ ಕೇಳಿ. ಅರ್ಧ ಉತ್ತರ ಅಲ್ಲೇ ನಿದ್ದೆ ಮಾಡುತ್ತಿರುತ್ತದೆ. ಚಿಕ್ಕದಾಗಿ ಮಾಡಿ ನೋಡಿ, ಕೆಟ್ಟರೆ ಬಿಚ್ಚಿ ಮತ್ತೆ ಕಟ್ಟಿ. ನಾವು ಕಟ್ಟಿದ್ದು ತಾನೆ, ನಮ್ಮ ಕೈಯಲ್ಲಿ ಬಿಚ್ಚಿಕೊಳ್ಳುತ್ತದೆ.

ಇನ್ನು ಸೊಸೆಯ ಆ ಚೀಲದ ವಿಷಯ. ತಿಂಗಳು ಕಳೆಯಿತು, ಅಜ್ಜಿಗೆ ಸೊಸೆಯನ್ನು ಕೇಳುವ ಧೈರ್ಯ ಬರಲಿಲ್ಲ. ಒಂದು ಮಧ್ಯಾಹ್ನ ಮೋಡ ಕವಿಯಿತು. ಅಜ್ಜಿ ಏದುಸಿರು ಬಿಡುತ್ತ ಮೇಲೆ ಹೋದರೆ ಟೈಲರಮ್ಮ ಆಗಲೇ ಬಂದಿದ್ದಳು, ತೋಳಿನ ತುಂಬ ಮಗುವಿನ ಅಂಗಿಗಳು. ಅಜ್ಜಿ ಅವಳ ಲೈನಿಂಗನ್ನು ಹಗ್ಗದಿಂದ ಜೋಪಾನವಾಗಿ ಎಳೆದು ನಾಲ್ಕು ಮಡಿಕೆ ಮಾಡಿದರು.

"ಅಂಚು ಸೇರಿಸಿ ಮಡಿಸಿ ಅಜ್ಜಿ, ಸುಕ್ಕು ಬೀಳುತ್ತೆ."

"ನೆಲಕ್ಕೆ ಹಾಕಲಿಲ್ವಲ್ಲ, ಸುಮ್ಮನಿರೇ."

ಇಬ್ಬರೂ ಮೆಟ್ಟಿಲಿಳಿದರು. ಅಜ್ಜಿ ಕೋಣೆಯ ಬಾಗಿಲು ತಳ್ಳಿದಾಗ ಬೀರುವಿನ ಪಕ್ಕದ ಜಾಗ ಖಾಲಿಯಿತ್ತು. ಹೊರಟೇ ಹೋದಳೇ? ಕಣ್ಣೆತ್ತಿದರೆ ಚೀಲ ಬೀರುವಿನ ಮೇಲೆ, ಬರಿದಾಗಿ ಚಪ್ಪಟೆಯಾಗಿ ಮಲಗಿತ್ತು. ಬೂಷ್ಟು ಕೆರೆದು ಸುಣ್ಣ ಬಳಿದ ಮೂಲೆಯಲ್ಲಿ ಸೊಸೆ ಗೋಡೆಗೊರಗಿ ತೂಕಡಿಸುತ್ತಿದ್ದಳು. ಪಕ್ಕದಲ್ಲಿ ಮಗು ನಿದ್ದೆ ಹೋಗಿತ್ತು. ಅಜ್ಜಿ ಬಗ್ಗಿ ಅದರ ಎದೆಯ ಹತ್ತಿರ ಕಿವಿ ಇಟ್ಟರು. ಎದೆ ಹಗುರವಾಗಿ ಏರಿಳಿಯುತ್ತಿತ್ತು, ಗೊರಗೊರ ಇಲ್ಲ. ಹೊರಗೆ ಮಳೆ ಶುರುವಾದದ್ದು ಮಾತ್ರ ಕೇಳಿಸಿತು.