ಎರಡು ಸೀಳಿನ ಮುಚ್ಚಳ

ಫಿಟ್ಟರ್ ತಾರಸಿಯಿಂದ ಇಳಿಯುವ ಹಿತ್ತಲ ಮೆಟ್ಟಿಲ ಮೇಲೆ ನಿಂತು ಅಂಗಿಯ ಗುಂಡಿಗಳನ್ನು ಎಳೆದೆಳೆದು ಹಾಕಿಕೊಳ್ಳುತ್ತಿದ್ದ. ಮೂರು ಹೇಗೋ ಕೂತವು. ನಾಲ್ಕನೆಯದು ಪಟ್ಟನೆ ಕಿತ್ತು ಚರಂಡಿಗೆ ಹಾರಿತು. ಅಂಗಿಯೊಳಗೆ, ಎದೆಯಿಂದ ಹೊಕ್ಕುಳಿನವರೆಗೆ, ಒಂದಡಿ ಅಗಲದ ಹಿತ್ತಾಳೆ ಮುಚ್ಚಳ ತಣ್ಣಗೆ ಅಂಟಿಕೊಂಡಿತ್ತು. ಅದರ ಹಿಡಿ ಹೊರಮುಖವಾಗಿದ್ದರಿಂದ ಹೊಕ್ಕುಳೇ ಎದ್ದು ನಿಂತ ಹಾಗೆ ಕಾಣುತ್ತಿತ್ತು.

"ಏನು ಫಿಟ್ಟರಪ್ಪ, ನೆನ್ನೆ ಇರಲಿಲ್ವಲ್ಲ ಈ ಹೊಟ್ಟೆ?"

ದಿನಸಿ ಅಂಗಡಿಯವನು. ಹಿತ್ತಲಿಗೆ ಬೀಡಿ ಸೇದಲು ಬಂದಿದ್ದ.

"ಗ್ಯಾಸು," ಅಂದ ಫಿಟ್ಟರ್.

"ದುಃಖಕ್ಕೆ ಕೆಲವರಿಗೆ ಹಾಗಾಗುತ್ತೆ." ಅಂಗಡಿಯವನು ಹತ್ತಿರ ಬಂದು ದನಿ ತಗ್ಗಿಸಿದ. "ನಿಜವಾಗ್ಲೂ ಹೋದ್ರು ತಾನೆ?"

"ಹಾಲ್‌ನಲ್ಲಿ ಮಲಗಿಸಿದ್ದಾರಲ್ಲ, ನೋಡಲಿಲ್ವಾ?"

"ನೋಡ್ದೆ. ಎರಡು ಸಲ ನೋಡ್ದೆ. ಆದ್ರೂ ಆ ಮನುಷ್ಯನನ್ನ ನಂಬೋಕಾಗಲ್ಲ ಮಾರಾಯ. ಒಂದ್ಸಲ ಮಫ್ಲರ್ ಸುತ್ಕೊಂಡು ಗಿರಾಕಿ ಥರ ಬಂದು ನನ್ನ ತಕ್ಕಡಿ ಹಿಡಿದುಬಿಟ್ಟಿದ್ರು."

ಸತ್ತವರು ಮೂವತ್ತೆರಡು ವರ್ಷ ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದವರು. ಊರಿಗೆಲ್ಲ ತೂಕದ ಸಾಹೇಬರು. ಆವತ್ತು ಹಾಲ್‌ನಲ್ಲಿ ನೆಂಟರಿಗಿಂತ ಅಂಗಡಿಯವರೇ ಹೆಚ್ಚಿದ್ದರು. ಅರ್ಧ ಜನ ಗೌರವಕ್ಕೆ ಬಂದಿದ್ದರೆ ಉಳಿದರ್ಧ ಜನ ಖಾತ್ರಿ ಮಾಡಿಕೊಳ್ಳಲು ಬಂದಿದ್ದರು.

ಫಿಟ್ಟರ್‌ಗೆ ಅಂಥ ಸಂಶಯವೇನಿರಲಿಲ್ಲ. ಮೂರು ದಿನದ ಹಿಂದೆ ಆಸ್ಪತ್ರೆಯಲ್ಲಿ ಸಾಹೇಬರು ಮೂಗಿನ ನಳಿಕೆ ಸರಿಸಿಕೊಂಡು ಅವನಿಗೊಂದು ಕೆಲಸ ವಹಿಸಿದ್ದರು.

"ಮುಚ್ಚಳ ಅಡುಗೆಮನೆ ಅಟ್ಟದ ಮೇಲೆ ಇಟ್ಬಿಡು. ಹಿಂದಿನ ಸಾಲಲ್ಲಿ. ಯಾರಿಗೂ ಹೇಳ್ಬೇಡ. ಯಾವತ್ತೋ ನನ್ನ ಹೆಂಡತಿ ಕೈಗೆ ಸಿಗುತ್ತೆ, ಅಯ್ಯೋ ಇಲ್ಲೇ ಇತ್ತಲ್ಲ ಅಂದ್ಕೋತಾಳೆ."

"ಅದ್ರಲ್ಲಿ ಎರಡು ಸೀಳು ಇದೆಯಲ್ಲ ಸಾಹೇಬ್ರೆ?"

"ಇಲಿ ಅಂದ್ಕೋತಾಳೆ."

"ಹಿತ್ತಾಳೆನ ಇಲಿ ಕಡಿಯುತ್ತಾ?"

ಸಾಹೇಬರು ಚಾವಣಿ ನೋಡಿದರು. "ಅವಳು ಕನ್ನಡಕ ಹಾಕ್ಕೊಳ್ಳೋದು ಕಡಿಮೆ," ಅಂದರು. ಆಮೇಲೆ ಮಾತು ಕೊಡು ಅಂದರು. ಊರಿನ ಯಾವ ತಕ್ಕಡಿಯಲ್ಲೂ ಒಂದು ಗ್ರಾಂ ಸುಳ್ಳು ಬಿಡದ ಮನುಷ್ಯ ಹೀಗೆ ಕೈಚಾಚಿದಾಗ ಏನು ಮಾಡುವುದು? ಫಿಟ್ಟರ್ ಮಾತು ಕೊಟ್ಟ.

ಅಡುಗೆಮನೆಯಲ್ಲಿ ಯಾರೂ ಇರುವುದಿಲ್ಲ ಅಂತ ಅವನ ಲೆಕ್ಕ. ಬಾಗಿಲು ತಳ್ಳಿದರೆ, ಸಾಹೇಬರ ತಂಗಿ ಸ್ಟೂಲಿನ ಮೇಲೆ ಕೂತಿದ್ದಳು. ಮಡಿಲಲ್ಲಿ ಕೈಚೀಲ. ಅದರ ಜಿಪ್ಪು ಪೂರ್ತಿ ತೆರೆದಿತ್ತು.

"ಬಾ ಫಿಟ್ಟರ್. ನೀನೇ ಸಾಕ್ಷಿ. ನಾನು ಇಲ್ಲಿ ಏನೂ ಮುಟ್ಟಿಲ್ಲ."

"ಚೀಲ ಯಾಕಮ್ಮ ತೆರೆದಿಟ್ಟಿದ್ದೀರಿ?"

"ಯಾರು ಬೇಕಾದ್ರೂ ಇಣುಕಿ ನೋಡ್ಲಿ ಅಂತ. ಹಾಲ್‌ನಲ್ಲಿ ಅತ್ತಿಗೆ ಕೂತಿದ್ದಾಳೆ, ಅವಳೆದುರು ಹೇಗೆ ಕೂರಲಿ? ಬಚ್ಚಲಲ್ಲಿ ಕೂರೋಕಾಗಲ್ಲ. ಇಲ್ಲಿ ಬಂದೆ. ಆರು ಗಂಟೆ ಬಸ್ಸಿಗೆ ಹೋಗ್ತೀನಿ. ಅಣ್ಣನೇ ಹೋದ ಮೇಲೆ ಇನ್ನು ಈ ಮನೆ ಕಡೆ ತಲೆ ಹಾಕೋದಿಲ್ಲ." ಅವಳು ಮೂಗೊರೆಸಿಕೊಂಡು ಅಟ್ಟದ ಕಡೆ ಗದ್ದ ಎತ್ತಿದಳು. "ಸುಟ್ಟು ಬಂದ ಮೇಲೆ ನಲವತ್ತು ಜನಕ್ಕೆ ಟೀ ಬೇಕು. ಅಮ್ಮನ ದೊಡ್ಡ ಪಾತ್ರೆ ಮೇಲಿದೆ. ನಾನು ಮುಟ್ಟಿದ್ರೆ ಅದೂ ಕಳುವಾಯ್ತು ಅಂತಾಳೆ. ನೀನೇ ಇಳಿಸು."

ಫಿಟ್ಟರ್ ಅಟ್ಟ ನೋಡಿದ, ಸ್ಟೂಲು ನೋಡಿದ, ತನ್ನ ಹೊಟ್ಟೆ ನೋಡಿಕೊಂಡ.

\*

ಇಪ್ಪತ್ತೇಳು ವರ್ಷದ ಹಿಂದೆ ಆ ಮುಚ್ಚಳವನ್ನು ಕೊರೆದವನು ಅವನೇ.

ಆಗ ಪಂಪ್ ವರ್ಕ್‌ಶಾಪಿನಲ್ಲಿ ಅವನ ಕೆಲಸ. ತೂಕದ ಕಲ್ಲುಗಳನ್ನು ಉಜ್ಜಿಸಿ ಸರಿಮಾಡಿಸಲು ಬರುತ್ತಿದ್ದ ಸಾಹೇಬರು ಒಂದು ದಿನ ದೂರದರ್ಶಕದ ಕೊಳವೆ ಮಾಡಿಕೊಡು ಅಂದರು. ಆರು ತಿಂಗಳಲ್ಲಿ ಇಬ್ಬರೂ ಸೇರಿ ತಾರಸಿಯ ಮೇಲೆ ಒಂದು ನೀರಿನ ಡ್ರಮ್ಮಿನಂಥದ್ದನ್ನು ನಿಲ್ಲಿಸಿದರು. ಅದರಲ್ಲಿ ಚಂದ್ರನ ಹಳ್ಳ ನೋಡಿ, ಉಂಗುರದ ಶನಿ ನೋಡಿ, ಫಿಟ್ಟರ್ ಬಾಯಿ ತೆರೆದು ನಿಂತ. ಸಾಹೇಬರಿಗೆ ಅದೆಲ್ಲ ಬೇಕಿರಲಿಲ್ಲ. ಅವರಿಗೆ ಅಳೆಯುವುದೊಂದು ಬೇಕಿತ್ತು.

"ಅಗೋ ಆ ನಕ್ಷತ್ರ. ಎಷ್ಟು ಕಾಣುತ್ತೆ?"

"ಒಂದು."

"ಎರಡಿವೆ. ಒಂದನ್ನೊಂದು ಸುತ್ತುತ್ತಿವೆ. ಒಂದು ಕಿಲೋಮೀಟರ್ ಆಚೆ ಎರಡು ಸಾಸಿವೆ ಕಾಳು ಅಂಟಿಸಿಟ್ಟ ಹಾಗೆ. ಈ ಕೊಳವೆಯ ಕನ್ನಡಿಗೆ ಅವು ಬೇರೆಯಾಗಿ ಕಾಣೋದಿಲ್ಲ. ಆದ್ರೆ ಅಳೀಬಹುದು."

ಉಪಾಯ ಸರಳವಾಗಿತ್ತು. ಕೊಳವೆಯ ಬಾಯಿಗೆ ಮುಚ್ಚಳ ಹಾಕಬೇಕು. ಮುಚ್ಚಳದ ಎರಡು ಅಂಚಿನಲ್ಲಿ ಎರಡು ಸೀಳು. ಎರಡರಿಂದಲೂ ಬಂದ ಬೆಳಕು ಕೂಡಿ, ನಕ್ಷತ್ರದ ಮೇಲೆ ಸಣ್ಣ ಪಟ್ಟೆ ಎಳೆಯುತ್ತದೆ, ಪೈಜಾಮದ ಬಟ್ಟೆಯ ಹಾಗೆ. ನಕ್ಷತ್ರ ಎರಡಿದ್ದರೆ ಎರಡು ಪಟ್ಟೆ ಬಟ್ಟೆ, ಒಂದರ ಮೇಲೊಂದು. ಮುಚ್ಚಳವನ್ನು ತಿರುಗಿಸುತ್ತಾ ಹೋದರೆ ಒಂದು ಕಡೆ ಒಂದರ ಬಿಳಿ ಗೆರೆ ಇನ್ನೊಂದರ ಕಪ್ಪು ಗೆರೆಯ ಮೇಲೆ ಬಿದ್ದು ಪಟ್ಟೆಯೇ ಅಳಿಸಿಹೋಗುತ್ತದೆ. ಅಲ್ಲಿ ನಿಲ್ಲಿಸಿ, ಎಷ್ಟು ತಿರುಗಿತು ಅಂತ ಓದಿಕೊಳ್ಳಬೇಕು. ಅಷ್ಟೇ ಅಳತೆ.

"ಗೆರೆ ಮಾಯ ಆದ ಕಡೆ ಇಬ್ಬರಿದ್ದಾರೆ ಅಂತ ಅರ್ಥ," ಅಂದರು ಸಾಹೇಬರು.

ಟೇಪು ಹಿಡಿದು ಮನೆಯನ್ನೆಲ್ಲ ಅಳೆದಾಗ, ಕೊಳವೆಯ ಬಾಯಿಗೆ ಕೂದಲೆಳೆ ವ್ಯತ್ಯಾಸವಿಲ್ಲದೆ ಕೂತದ್ದು ತೀರಿಹೋದ ತಾಯಿಯ ದೊಡ್ಡ ಪಾತ್ರೆಯ ಮುಚ್ಚಳ. ನಡುವೆ ಹಿಡಿ ಬೇರೆ ಇತ್ತು, ತಿರುಗಿಸಲು ಹೇಳಿ ಮಾಡಿಸಿದ ಹಾಗೆ. ಫಿಟ್ಟರ್ ಎರಡು ಸೀಳು ಕೊರೆದ, ಅಂಚಿನ ಸುತ್ತ ಮುನ್ನೂರ ಅರವತ್ತು ಗೀರು ಹಾಕಿದ.

ಅದೇ ವಾರ ತಂಗಿ ಬಂದಿದ್ದಳು. ಅಮ್ಮನ ನೆನಪಿಗೆ ಆ ಪಾತ್ರೆ ಕೊಡ್ತೀಯಾ ಅಂತ ಅತ್ತಿಗೆಯನ್ನು ಕೇಳಿದ್ದಳು. ಅತ್ತಿಗೆ ಎರಡು ಚಮಚ ಕೊಟ್ಟಿದ್ದಳು. ತಂಗಿ ಟ್ರಂಕು ಎತ್ತಿಕೊಂಡು ಬಸ್ಸು ಹತ್ತಿದ ಸಂಜೆಯೇ ಮುಚ್ಚಳ ಇಲ್ಲ ಅಂತ ಗೊತ್ತಾಯಿತು. ಆಮೇಲೆ ಇಬ್ಬರ ನಡುವೆ ಹೋದದ್ದು ಒಟ್ಟು ಮೂರು ಕಾಗದ. ಮೂರನೆಯದರ ನಂತರ ಮಾತೇ ನಿಂತಿತು.

"ನಾಳೆ ಹೇಳ್ತೀನಿ," ಅಂದಿದ್ದರು ಸಾಹೇಬರು. ಒಂದು ವರ್ಷವಾಯಿತು. ಗ್ರಾಫ್ ಹಾಳೆಯ ಮೇಲೆ ಮೊದಲ ಚುಕ್ಕೆ ಬಿದ್ದಿತ್ತು. "ಈಗ ಹೇಳಿದ್ರೆ ಹೆಂಡತಿ ಮುಚ್ಚಳ ಕಿತ್ಕೊಂಡು ಹೋಗ್ತಾಳೆ. ನಡುವೆ ಮುಚ್ಚಳ ಬದಲಾಯಿಸಿದ್ರೆ ಹಳೇ ಅಳತೆಗೂ ಹೊಸ ಅಳತೆಗೂ ಹೊಂದೋದಿಲ್ಲ. ಒಂದು ಸುತ್ತು ಮುಗೀಲಿ."

"ಒಂದು ಸುತ್ತಿಗೆ ಎಷ್ಟು ವರ್ಷ?"

"ಇಪ್ಪತ್ತೆಂಟರ ಹತ್ತಿರ."

\*

ಫಿಟ್ಟರ್ ತಂಗಿ ಬಿಟ್ಟುಕೊಟ್ಟ ಸ್ಟೂಲು ಹತ್ತಿ, ಎರಡೂ ಕೈ ಮೇಲೆತ್ತಿ, ಪಾತ್ರೆಯ ಕಿವಿ ಹಿಡಿದ. ಅಂಗಿ ಮೇಲೆ ಸರಿಯಿತು. ಉಳಿದ ಮೂರು ಗುಂಡಿಗಳೂ ಒಂದರ ಹಿಂದೊಂದು ಕೈಬಿಟ್ಟವು.

ಮುಚ್ಚಳ ಅಂಚಿನ ಮೇಲೇ ನೆಲಕ್ಕೆ ಬಿತ್ತು. ಮಲಗಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಅದು ಚಕ್ರದ ಹಾಗೆ ಎದ್ದು, ತಂಗಿಯ ಕಾಲ ಪಕ್ಕದಿಂದ, ಬಾಗಿಲು ದಾಟಿ, ಹಾಲ್‌ಗೆ ಉರುಳಿತು. ಹಾಲ್‌ನ ನಡುವೆ ಬೆಂಚಿನ ಮೇಲೆ ಸಾಹೇಬರು ಬಿಳಿ ಬಟ್ಟೆ ಹೊದ್ದು ಮಲಗಿದ್ದರು. ಮುಚ್ಚಳ ಅವರ ತಲೆಯ ಕಡೆಯಿಂದ ಬಾಗಿ, ಬೆಂಚನ್ನು ಪೂರಾ ಒಂದು ಸುತ್ತು ಹಾಕಿತು. ಅಂಗಡಿಯವರು ಸಾಲಾಗಿ ಕಾಲೆತ್ತಿದರು. ಕೊನೆಗೆ ಸಾಹೇಬರ ಹೆಂಡತಿಯ ಪಾದದ ಹತ್ತಿರ ಗಣಗಣ ಅಂತ ಒದ್ದಾಡಿ ಮಲಗಿತು.

ಅಳುತ್ತಿದ್ದವರೆಲ್ಲ ನಿಲ್ಲಿಸಿದರು.

"ಮುಚ್ಚಳ!" ಅಂದ ದಿನಸಿ ಅಂಗಡಿಯವನು. ಆ ಮುಚ್ಚಳದ ಕತೆ ಬೀದಿಗೆಲ್ಲ ಗೊತ್ತಿತ್ತು. ಅಡುಗೆಮನೆ ಬಾಗಿಲಲ್ಲಿ ನಿಂತ ತಂಗಿಯನ್ನು ನೋಡಿ ಅವನು ತಲೆಯಾಡಿಸಿದ. "ತಂದಿದ್ದಾರೆ. ಕೊನೆಗೂ ಮನಸ್ಸು ಕರಗ್ತು ನೋಡಿ. ಸಾವು ಅಂದ್ರೆ ಹಾಗೇನೇ."

ಹೆಂಡತಿ ಮುಚ್ಚಳ ಎತ್ತಿಕೊಂಡಳು. ಕನ್ನಡಕವಿರಲಿಲ್ಲ. ಹೆಬ್ಬೆರಳಿನಿಂದ ಹಿಡಿಯ ಪಕ್ಕದ ತಗ್ಗನ್ನು ತಡಕಿದಳು. ಅತ್ತೆಯ ಕಾಲದ ತಗ್ಗು ಅದು. ಆಮೇಲೆ ಬಾಗಿಲ ಕಡೆ, ಯಾರಿಗೂ ಅಲ್ಲ ಅನ್ನುವ ಹಾಗೆ ಹೇಳಿದಳು: "ಇಪ್ಪತ್ತೇಳು ವರ್ಷ ಬೇಕಾಯ್ತಾ?"

ತಂಗಿ ಕೈಚೀಲದ ಜಿಪ್ಪನ್ನು ಮೆಲ್ಲಗೆ, ಈ ತುದಿಯಿಂದ ಆ ತುದಿಯವರೆಗೆ, ಎಳೆದು ಮುಚ್ಚಿದಳು.

ಫಿಟ್ಟರ್ ಅವಳ ಹಿಂದೆ ಬಿಚ್ಚಿದ ಅಂಗಿಯಲ್ಲಿ, ಪಾತ್ರೆ ತಬ್ಬಿಕೊಂಡು ನಿಂತಿದ್ದ. ಮುಚ್ಚಳ ಮನೆ ಸೇರಿತ್ತು. ಕೊಟ್ಟ ಮಾತು ತಾನಾಗಿಯೇ ನಡೆದುಹೋಗಿತ್ತು. ಸಾಹೇಬರ ಹೆಸರಿಗೆ ಧೂಳೂ ತಾಗಿರಲಿಲ್ಲ. ಅವನು ತುಟಿ ಪಿಟಕ್ಕೆನ್ನದೆ ನಿಂತಿದ್ದರೆ ಸಾಕಿತ್ತು. ಅವನು ಆ ಜಿಪ್ಪನ್ನು ನೋಡಿದ.

"ಅದನ್ನ ಕೊರೆದಿದ್ದು ನಾನು," ಅಂದ. "ಕದ್ದಿದ್ದು ಇವರು." ಪಾತ್ರೆಯಿಂದಲೇ ಬೆಂಚಿನ ಕಡೆ ತೋರಿಸಿದ.

ಆಮೇಲೆ ಹೇಳುತ್ತಾ ಹೋದ. ಕೊಳವೆ, ಸೀಳು, ಸಾಸಿವೆ ಕಾಳು, ಪೈಜಾಮದ ಪಟ್ಟೆ. ಹೆಣದೆದುರು ಇಂಥದ್ದನ್ನು ವಿವರಿಸುವ ಅಭ್ಯಾಸ ಯಾರಿಗಿರುತ್ತದೆ? ಅಲ್ಲಲ್ಲಿ ತೊದಲಿದ.

"ತಡಿ ತಡಿ," ಅಂದ ಅಂಗಡಿಯವನು. "ಎರಡಿದ್ರೆ ಏನೂ ಕಾಣಲ್ಲ, ಒಂದೇ ಇದ್ರೆ ಗೆರೆ ಕಾಣುತ್ತೆ? ಉಲ್ಟಾ ಆಯ್ತಲ್ಲಯ್ಯ. ಸತ್ತವರ ಮೇಲೆ ಏನು ಬೇಕಾದ್ರೂ ಹೇಳಬಹುದು ಅಂದ್ಕೊಂಡ್ಯಾ? ನಂಗೂ ಸಿಟ್ಟಿತ್ತು ಅವರ ಮೇಲೆ. ಆದ್ರೆ ಸಾಹೇಬ್ರು, ಕಳ್ಳತನ?"

"ಅಂಚು ನೋಡಿ. ಒಳಗಡೆ."

ಅಂಗಡಿಯವನು ಮುಚ್ಚಳ ಇಸಕೊಂಡು ಕಿಟಕಿಯ ಬೆಳಕಿಗೆ ಹಿಡಿದ. ಒಳ ಅಂಚಿನಲ್ಲಿ ಸಾಸಿವೆಯಷ್ಟು ಸಣ್ಣ ಮುದ್ರೆಗಳು, ಸಾಲಾಗಿ, ಪ್ರತಿಯೊಂದರ ಪಕ್ಕ ಇಸವಿ. ಅವನ ಮುಖದ ಬಣ್ಣ ಬದಲಾಯಿತು. ಆ ಮುದ್ರೆಯನ್ನು ಅವನಿಗಿಂತ ಚೆನ್ನಾಗಿ ಬಲ್ಲವರು ಆ ಹಾಲ್‌ನಲ್ಲಿ ಇರಲಿಲ್ಲ.

"ಇದು ಇಲಾಖೆ ಮುದ್ರೆ," ಅಂದ ಸಣ್ಣ ದನಿಯಲ್ಲಿ. "ನನ್ನ ಕಲ್ಲಿನ ಮೇಲೆಲ್ಲ ಇದೇ ಇದೆ. ವರ್ಷಕ್ಕೊಂದ್ಸಲ ಪರೀಕ್ಷೆ ಮಾಡಿ ಒತ್ತಿದ್ದಾರೆ. ಮೊದಲನೇದು..." ಇಸವಿ ಓದಿದ. ತಂಗಿಯ ಟ್ರಂಕು ಬಸ್ಸು ಹತ್ತಿದ ವರ್ಷವೇ ಅದು. "ಕೊನೇ ಐದು ಮಾತ್ರ ಮೊಳೆಯಲ್ಲಿ ಗೀಚಿದ ಹಾಗಿದೆ."

"ನಿವೃತ್ತಿ ದಿನ ಮುದ್ರೆ ಆಫೀಸಿಗೆ ವಾಪಸ್ ಕೊಟ್ಬಿಟ್ರು," ಅಂದ ಫಿಟ್ಟರ್. "ಪ್ರಾಮಾಣಿಕರಲ್ವಾ."

ಯಾರೋ ಫಕ್ಕನೆ ನಕ್ಕು ಕೆಮ್ಮಿದರು.

ಹೆಂಡತಿ ಎದ್ದು ಬೆಂಚಿನ ಹತ್ತಿರ ಹೋದಳು. ತಂಗಿಯೂ ಬಂದಳು. ಇಬ್ಬರೂ ಆ ಕಡೆ ಈ ಕಡೆ ನಿಂತು ನಡುವೆ ಮಲಗಿದ್ದವರನ್ನು ನೋಡಿದರು. ಸಾಹೇಬರ ಮುಖ ಎಂದಿನಂತೆ ನಿಷ್ಪಕ್ಷಪಾತವಾಗಿತ್ತು.

"ನೋಡೇ, ನಿಮ್ಮಣ್ಣ ಮಾಡಿರೋ ಕೆಲಸ," ಅಂದಳು ಹೆಂಡತಿ. ಇಪ್ಪತ್ತೇಳು ವರ್ಷದಲ್ಲಿ ನೇರವಾಗಿ ಆಡಿದ ಮೊದಲ ಮಾತು ಅದೇ.

"ನಮ್ಮಣ್ಣ ಯಾಕಾಗ್ತಾನೆ, ನಿನ್ನ ಗಂಡ. ಒಂದೇ ಮನೇಲಿ ಇದ್ದೆ, ತಾರಸಿ ಹತ್ತಿ ಒಂದ್ಸಲ ನೋಡಬಾರದಿತ್ತಾ?"

"ಮಂಡಿ ನೋವು ಕಣೇ. ಮೇಲೆ ಏನಿದೆ ಅಂದ್ರೆ, ಬರೀ ನಕ್ಷತ್ರ ಅಂತಿದ್ರು." ಅವಳ ದನಿ ಒಡೆಯಿತು, ಮತ್ತೆ ಸಿಟ್ಟಿಗೆ ಏರಿತು. "ಪ್ರತಿ ವರ್ಷ ನಿನ್ನ ಬೈತಿದ್ದೆ. ಎದುರಿಗೆ ಕೂತು ಊಟ ಮಾಡ್ತಾ ಹೂಂಗುಟ್ಟಿದ್ದಾರೆ, ಗೊತ್ತಾ?"

"ನನ್ನ ಹತ್ರ ಬಂದಾಗ ನಾನು ನಿನ್ನ ಬೈತಿದ್ದೆ. ಅಲ್ಲೂ ಹೂಂ ಅಂತಲೇ ಇದ್ದ. ಚಿಕ್ಕವನಿದ್ದಾಗ ನನ್ನ ಗೊಂಬೆ ಕಣ್ಣು ಕಿತ್ತು ಭೂತಗನ್ನಡಿ ಮಾಡ್ಕೊಂಡಿದ್ದ. ಅಮ್ಮ ಬೈದಿದ್ದು ಕೆಲಸದವಳಿಗೆ."

"ಅದನ್ನ ಮದುವೆಗೆ ಮುಂಚೆ ಹೇಳೋದಲ್ವಾ ನೀನು?"

ಹೊರಗೆ ವಾಹನದ ಹಾರನ್ನು ಕೇಳಿತು. ಹೊರುವವರು ಒಳಗೆ ಬಂದು, ಯಾರ ಅಪ್ಪಣೆ ಕೇಳುವುದೆಂದು ತಿಳಿಯದೆ ನಿಂತರು.

"ಎತ್ತಿ," ಅಂದರು ಇಬ್ಬರೂ ಒಟ್ಟಿಗೆ.

\*

ಸ್ಮಶಾನದಿಂದ ಬರುವಾಗ ಐದೂವರೆ. ಹೋಗುವಾಗ ದಾರಿಯುದ್ದಕ್ಕೂ ಹೆಂಡತಿಯೂ ತಂಗಿಯೂ ವಾಹನದ ಮುಂದಿನ ಸೀಟಿನಲ್ಲಿ ಒತ್ತಾಗಿ ಕೂತು ಸಾಹೇಬರನ್ನು ಬೈದಿದ್ದರು. ಒಬ್ಬಳಿಗೆ ಅಳು ಬಂದರೆ ಇನ್ನೊಬ್ಬಳು ಬೈಗುಳ ಮುಂದುವರಿಸುತ್ತಿದ್ದಳು. ಡ್ರೈವರ್ ಕನ್ನಡಿಯಲ್ಲಿ ಹಿಂದೆ ಮಲಗಿದ್ದವರನ್ನು ನೋಡಿ ನೋಡಿ ಓಡಿಸಿದ್ದ.

ಫಿಟ್ಟರ್ ಪಾತ್ರೆಯನ್ನು ಒಲೆಯ ಮೇಲಿಟ್ಟು ನೀರು ತುಂಬಿದ. ಬಚ್ಚಲ ಕಟ್ಟೆಯ ಮೇಲೆ ತಂಗಿ ಮುಚ್ಚಳ ಹಿಡಿದುಕೊಂಡಿದ್ದಳು, ಹೆಂಡತಿ ಉಜ್ಜುತ್ತಿದ್ದಳು. ತಾರಸಿಯ ಇಬ್ಬನಿಗೆ ಕಟ್ಟಿದ ಕಿಲುಬು ಹಸಿರಾಗಿ ಇಳಿಯಿತು.

"ಅಂಚಲ್ಲಿ ಸ್ವಲ್ಪ ಮೆಲ್ಲಗೆ ಅಮ್ಮಾವ್ರೆ," ಅಂದ ಫಿಟ್ಟರ್. "ಗೀರು ಹೋದ್ರೆ ಕಷ್ಟ."

"ಯಾರಿಗೆ ಕಷ್ಟ?"

ಅವನು ಬಾಗಿಲ ಚೌಕಟ್ಟಿಗೆ ಬೆನ್ನು ಒರಗಿಸಿದ. ತಾರಸಿಯ ಕೋಣೆಯ ಗೋಡೆಯ ಮೇಲೆ ಗ್ರಾಫ್ ಹಾಳೆ ಇತ್ತು. ಇಪ್ಪತ್ತೇಳು ಚುಕ್ಕೆ, ಮೊಟ್ಟೆಯಾಕಾರದ ಸುತ್ತು, ಒಂದು ಕಡೆ ಬೆರಳಗಲ ಬಾಯಿ ತೆರೆದುಕೊಂಡಿತ್ತು.

"ಇನ್ನೊಂದು ಚುಕ್ಕೆ ಬಾಕಿ ಇದೆ. ಮುಂದಿನ ತಿಂಗಳು. ಅದು ಬಿದ್ರೆ ಸುತ್ತು ಮುಗಿಯುತ್ತೆ. ಅದಕ್ಕೂ ಇದೇ ಮುಚ್ಚಳ ಬೇಕು."

ಉಜ್ಜುವ ಸದ್ದು ನಿಂತಿತು. ಅತ್ತಿಗೆ ನಾದಿನಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಎಷ್ಟು ಹೊತ್ತಿನ ಕೆಲಸ?" ಕೇಳಿದಳು ಹೆಂಡತಿ.

"ಒಂದು ಗಂಟೆ."

"ಒಂದು ಗಂಟೆ ಆದ ತಕ್ಷಣ ತೊಳೆದು ಕೈಗೆ ಕೊಡ್ಬೇಕು. ನಾನು ತಾರಸಿ ಮೇಲೆ ಕೂತಿರ್ತೀನಿ. ಮಂಡಿ ಹೋದ್ರೆ ಹೋಗ್ಲಿ."

"ನಾನೂ ಇರ್ತೀನಿ," ಅಂದಳು ತಂಗಿ. "ಈ ಗಂಡಸರನ್ನ ನಂಬೋಕಾಗಲ್ಲ."

ಆರು ಗಂಟೆಯ ಬಸ್ಸು ಬೀದಿಯ ತುದಿಯಲ್ಲಿ ತಿರುಗಿದ ಸದ್ದು ಕೇಳಿತು. ಯಾರೂ ಆ ಕಡೆ ನೋಡಲಿಲ್ಲ. ಕೈಚೀಲ ಉಪ್ಪಿನ ಡಬ್ಬಿಯ ಪಕ್ಕ ಕೂತಿತ್ತು.

ಹೆಂಡತಿ ಮುಚ್ಚಳವನ್ನು ಸೆರಗಿನಲ್ಲಿ ಒರೆಸಿ ಪಾತ್ರೆಯ ಮೇಲಿಟ್ಟಳು. ಅದು ಕೂದಲೆಳೆ ವ್ಯತ್ಯಾಸವಿಲ್ಲದೆ ಕೂತಿತು. ನೀರು ಗುಳುಗುಳು ಅನ್ನತೊಡಗಿತು. ಸ್ವಲ್ಪ ಹೊತ್ತಿಗೆ ಎರಡೂ ಸೀಳುಗಳಿಂದ ಹಬೆ ಎದ್ದಿತು. ಒಂದು ಈ ಅಂಚಿನಲ್ಲಿ, ಒಂದು ಆ ಅಂಚಿನಲ್ಲಿ, ಎರಡು ತೆಳ್ಳನೆಯ ಬಿಳಿ ಎಳೆ. ಗೇಣುದ್ದ ಬೇರೆ ಬೇರೆಯಾಗಿ ಏರಿ, ಅಲ್ಲಿಂದ ಮೇಲೆ ಒಂದಕ್ಕೊಂದು ಬಾಗಿ ಬೆರೆತುಹೋದವು. ಫಿಟ್ಟರ್ ಅಭ್ಯಾಸಬಲದಿಂದ ಹಿಡಿಗೆ ಕೈ ಹಾಕಿ ಮುಚ್ಚಳವನ್ನು ಸ್ವಲ್ಪ ತಿರುಗಿಸಿದ.

"ಕೈ ತೆಗಿ!" ಅಂದರು ಹಿಂದಿನಿಂದ ಇಬ್ಬರೂ.