ಶಾಂತವ್ವನ ತಲೆ ಮುಟ್ಟಿದ ಕತ್ತರಿ

ನಾನು ಒಂದು ಕತ್ತರಿ. ಬಟ್ಟೆ ಕತ್ತರಿಸುವ ದಪ್ಪ ಕತ್ತರಿಯಲ್ಲ, ಕಾಗದ ಕತ್ತರಿಸುವ ಮೊಂಡ ಕತ್ತರಿಯಂತೂ ಅಲ್ಲವೇ ಅಲ್ಲ. ಕ್ಷೌರದ ಕತ್ತರಿ. ನನ್ನ ಬಾಯಿ ಸ್ವಲ್ಪ ಜೋರು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಬಾಯಿ ಜೋರಿಲ್ಲದ ಕತ್ತರಿಯನ್ನು ಯಾರಾದರೂ ಕೊಳ್ಳುತ್ತಾರೆಯೇ?

ಹುಟ್ಟುವ ಮೊದಲು ನಾನು ಲಾರಿಯೊಂದರ ಹೊಟ್ಟೆಯ ಕೆಳಗೆ ಭಾರ ಹೊರುವ ಉಕ್ಕಿನ ಪಾಟಾ ಆಗಿದ್ದೆನಂತೆ. ಲಾರಿ ಮುದಿಯಾಗಿ ಗುಜರಿಗೆ ಹೋಯಿತು. ಉತ್ತರದ ಮೀರತ್ ಎಂಬ ಊರಿನ ಓಣಿಯೊಂದರಲ್ಲಿ ನನ್ನನ್ನು ಕೆಂಡದಲ್ಲಿ ಕಾಯಿಸಿದರು, ಬಡಿದರು, ನೀರಿಗದ್ದಿದರು, ಮತ್ತೆ ಬಡಿದರು. ಎರಡು ಅಲಗಾದ ಮೇಲೆ ನಡುವೆ ಒಂದು ತಿರುಪು ಹಾಕಿ ಬಿಗಿದರು. ಆ ತಿರುಪು ಬಿದ್ದ ಗಳಿಗೆಯನ್ನೇ ನಾನು ನನ್ನ ಹುಟ್ಟು ಎಂದು ತಿಳಿದಿದ್ದೇನೆ.

ನನ್ನ ಮೊದಲ ಯಜಮಾನ ಗದಗಿನ ಬಸಪ್ಪಜ್ಜ. ರೈಲು ನಿಲ್ದಾಣದ ಎದುರು ವ್ಯಾಪಾರಿಯೊಬ್ಬ ಚಾಪೆಯ ಮೇಲೆ ನಮ್ಮನ್ನೆಲ್ಲ ಹರವಿಕೊಂಡು ಕೂತಿದ್ದ. ಬಸಪ್ಪಜ್ಜ ಒಂದೊಂದೇ ಕತ್ತರಿ ಎತ್ತಿ, ಕಿವಿಯ ಹತ್ತಿರ ಹಿಡಿದು, ಕಚಕಚ ಅನ್ನಿಸಿ ಕೆಳಗಿಡುತ್ತಿದ್ದ. ನನ್ನನ್ನು ಆಡಿಸಿದವನು ಕೆಳಗಿಡಲಿಲ್ಲ. "ಇದರ ಮಾತು ಸ್ವಚ್ಛ ಐತಿ ನೋಡ್ರಿ" ಎಂದ. ಅವತ್ತು ಬೀಗಿದವನು ನಾನು, ಇವತ್ತಿಗೂ ಇಳಿದಿಲ್ಲ.

ಹಳೇ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅಜ್ಜನ ಕಟಿಂಗ್ ಅಂಗಡಿ. ಮನುಷ್ಯ ತಲೆ ತಗ್ಗಿಸುವುದು ಎರಡೇ ಕಡೆ, ಒಂದು ದೇವರ ಮುಂದೆ, ಇನ್ನೊಂದು ನಮ್ಮ ಮುಂದೆ ಎಂದು ಅಜ್ಜ ಹೇಳುತ್ತಿದ್ದ. ಸಾವಕಾರ ಬರಲಿ, ಪೈಲವಾನ ಬರಲಿ, ಬಿಳಿ ಬಟ್ಟೆ ಹೊದಿಸಿದ ಮೇಲೆ ಎಲ್ಲರೂ ಒಂದೇ. ಕತ್ತಿನ ಹಿಂದೆ ನಾನು ಹೋದರೆ ಎಂಥ ಗಂಡಸೂ ಭುಜ ಕುಗ್ಗಿಸುತ್ತಾನೆ. ಗಂಡಸರು ಎಂದೆ, ಯಾಕೆಂದರೆ ನಾನು ಕಂಡಿದ್ದೆಲ್ಲ ಗಂಡಸರ ತಲೆಗಳೇ. ಆ ಮನೆಗೆ ಒಂದು ಕಟ್ಟಳೆ ಇತ್ತು: ಮನೆಯ ಕತ್ತರಿಯನ್ನು ಹೆಣ್ಣಿನ ತಲೆಗೆ ಹಚ್ಚಬಾರದು. ಅದು ಬಸಪ್ಪಜ್ಜ ಇಟ್ಟ ಆಣೆ. ಹೆಣ್ಣುಕೂಸಿನ ಮೊದಲ ಕೂದಲು ತೆಗೆಸುವ ಜಾವಳಕ್ಕೆ ಕರೆದರೂ, ಬೇರೆ ಯಾರನ್ನಾದರೂ ನೋಡಿಕೊಳ್ಳಿ ಎಂದು ಕೈಮುಗಿದು ಕಳಿಸುತ್ತಿದ್ದ. ಯಾಕೆ ಎಂದು ಯಾರೂ ಕೇಳಲಿಲ್ಲ. ಹಿರಿಯರ ಆಣೆಯನ್ನು ಕೆದಕಿ ನೋಡುವ ಪದ್ಧತಿ ಆ ಮನೆಯಲ್ಲಿ ಇರಲಿಲ್ಲ.

ಅಜ್ಜ ತೀರಿಕೊಂಡ ಮೇಲೆ ಮಗ ಗುರುಲಿಂಗಪ್ಪನ ಕೈಗೆ ಬಂದೆ. ಅಂಗಡಿಯೂ ಬಂತು, ಆಣೆಯೂ ಬಂತು. ಕೈ ಮಾತ್ರ ಅಪ್ಪನದಕ್ಕಿಂತ ಮೆತ್ತಗಿನದು. ಹಟ ಮಾಡುವ ಮಕ್ಕಳು ಅವನ ಕೈಯಲ್ಲಿ ನಿದ್ದೆ ಹೋಗುತ್ತಿದ್ದವು. ಮಂಗಳವಾರ ಅಂಗಡಿ ಬಂದ್. ಆದರೂ ನಾವಿರುವ ಚರ್ಮದ ಚೀಲ ಅವನ ಹೆಗಲಿಂದ ಇಳಿಯುತ್ತಿರಲಿಲ್ಲ. ಮದುವೆಗೆ ಹೋದರೂ ಚೀಲ, ಮಣ್ಣಿಗೆ ಹೋದರೂ ಚೀಲ.

ಅವನ ಹೆಂಡತಿ ಶಾಂತವ್ವ. ಅವಳ ಕೂದಲು ಮೊಣಕಾಲಿನ ತನಕ ಇಳಿಯುತ್ತಿತ್ತು. ಊರವರ ಕೂದಲನ್ನೆಲ್ಲ ಕತ್ತರಿಸಿ ಮನೆಗೆ ಬರುವ ಗುರುಲಿಂಗಪ್ಪ ಹೊಸ್ತಿಲಲ್ಲಿ ನಿಂತು, ಅವಳು ಹಿತ್ತಲಲ್ಲಿ ತಲೆ ಬಾಚಿಕೊಳ್ಳುವುದನ್ನೇ ನೋಡುತ್ತಿದ್ದ. "ಏನ್ ನೋಡ್ತೀರಿ, ದಿನಾ ಕೂದಲಾ ನೋಡಿ ಸಾಕಾಗಿಲ್ಲೇನು?" ಎಂದು ಅವಳು ಕೇಳಿದರೆ ನಗುತ್ತಿದ್ದ. ನನಗೆ ಹೊಟ್ಟೆಕಿಚ್ಚು. ಅಂಥ ಕೂದಲು ಕಣ್ಣೆದುರಿಗಿದೆ, ಮುಟ್ಟುವ ಹಾಗಿಲ್ಲ!

ಹೀಗಿರುವಾಗ ಶಾಂತವ್ವನ ಎದೆಯಲ್ಲಿ ಒಂದು ಗಂಟು ಕಾಣಿಸಿಕೊಂಡಿತು. ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಯಲ್ಲಿ ಪರೀಕ್ಷೆಗಳಾದವು. ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದರು: ಕ್ಯಾನ್ಸರ್ ಇದೆ, ಆದರೆ ಬೇಗ ಬಂದಿದ್ದೀರಿ, ಕೀಮೋ ತಪ್ಪದೆ ತೆಗೆದುಕೊಂಡು, ಆಮೇಲೆ ಆಪರೇಷನ್ ಮಾಡಿಸಿದರೆ ವಾಸಿಯಾಗುತ್ತದೆ. ಗುರುಲಿಂಗಪ್ಪನ ಬಾಯಿಂದ ಬಂದ ಮೊದಲ ಮಾತು, "ಮಂಗಳವಾರ ಕೊಡ್ರಿ ಸಾಹೇಬ್ರ, ಅವತ್ತ ಅಂಗಡಿ ಬಂದ್ ಇರ್ತೈತಿ." ಡಾಕ್ಟರು ನಕ್ಕು ಹೂಂ ಅಂದರು. ಹೀಗೆ ಹುಬ್ಬಳ್ಳಿಯ ರೈಲು ನನ್ನ ಪಾಲಿಗೂ ಬಂತು.

ಮನೆಯವರೆಲ್ಲ ಟೊಂಕ ಕಟ್ಟಿ ನಿಂತರು. ಕೊಪ್ಪಳಕ್ಕೆ ಕೊಟ್ಟಿದ್ದ ಮಗಳು ದಾನಮ್ಮ ಗಂಟುಮೂಟೆ ಕಟ್ಟಿಕೊಂಡು ಬಂದು ತಾಯಿಯ ಪಕ್ಕ ಕೂತಳು. ಬಸಪ್ಪಜ್ಜನ ಹೆಂಡತಿ ನಾಗವ್ವ, ಬೆನ್ನು ಬಾಗಿದ ಮುದುಕಿ, ಅಡುಗೆಮನೆಯನ್ನು ವಹಿಸಿಕೊಂಡಳು. ಸೊಸೆಗೆ ರೊಟ್ಟಿ ಸೇರದಿದ್ದರೆ ಗಂಜಿ, ಗಂಜಿ ಸೇರದಿದ್ದರೆ ಮಜ್ಜಿಗೆ. ಒಂದಾದರೂ ಒಳಗೆ ಹೋಗುವ ತನಕ ಬಿಡುತ್ತಿರಲಿಲ್ಲ.

ಮೊದಲ ಡೋಸ್ ಆದಾಗ ಡಾಕ್ಟರು, ಕೂದಲು ಉದುರುತ್ತದೆ, ಹೆದರಬೇಡಿ, ಮತ್ತೆ ಬರುತ್ತದೆ ಎಂದರು. ಶಾಂತವ್ವ ತಲೆಯಾಡಿಸಿದಳು. ಗುರುಲಿಂಗಪ್ಪನಿಗೆ ಮಾತ್ರ ತನ್ನ ಕಸುಬಿಗೇ ಬೈದಂತಾಯಿತು. "ಕೂದಲಾ? ನಮ್ಮನ್ಯಾಗ? ನಾ ಇರೂತನಕ ಉದುರಾಕ ಬಿಡಂಗಿಲ್ಲ" ಎಂದ. ಮನೆಗೆ ಬಂದವನೇ ಗರಗದ ಸೊಪ್ಪು ತಂದು, ಅರೆದು, ಕೊಬ್ಬರಿ ಎಣ್ಣೆಯಲ್ಲಿ ಕಾಸಿದ. ದಿನಾ ಬೆಳಿಗ್ಗೆ ಹೆಂಡತಿಯ ತಲೆಗೆ ಹಚ್ಚಿ ತಿಕ್ಕತೊಡಗಿದ. ಔಷಧಕ್ಕೆ ಅವನ ಪ್ರತಿಜ್ಞೆ ಎಲ್ಲಿ ಗೊತ್ತಿತ್ತು? ಒಂದು ದಿನ ತಿಕ್ಕುತ್ತಿದ್ದ ಅಂಗೈಯಲ್ಲಿ ಕೂದಲಿನ ಒಂದು ದೊಡ್ಡ ಗೊಂಚಲು ಬಂತು. ಎಣ್ಣೆಗೈಯಲ್ಲಿ ಅದನ್ನು ಹಿಡಿದುಕೊಂಡು ಅವನು ಹಾಗೇ ನಿಂತುಬಿಟ್ಟ. ನನಗೆ ಅವನ ಮುಖ ನೋಡಲಾಗಲಿಲ್ಲ.

ಉದ್ದ ಕೂದಲಿನ ತೊಂದರೆ ಕೇಳಬೇಡಿ. ಉದುರಿದ್ದು ಉದುರದ್ದಕ್ಕೆ ಸುತ್ತಿಕೊಂಡು ಗಂಟುಗಂಟಾಗಿ ಜೋತುಬಿತ್ತು. ದಿಂಬಿಗೆ ತಲೆ ಇಟ್ಟರೆ ಜಗ್ಗುತ್ತಿತ್ತು. ಗಂಜಿಯ ಬಟ್ಟಲಲ್ಲಿ ಕೂದಲು, ಬಾಯಲ್ಲಿ ಕೂದಲು. ನಾಗವ್ವ ಹತ್ತಿರವಿಲ್ಲದಾಗ ಶಾಂತವ್ವ ಗಂಡನಿಗೆ ಹೇಳಿದಳು, "ತಲಿ ಹುಣ್ಣಾದಂಗ ಆಗೈತ್ರಿ. ಕತ್ತರಿಸಿ ಒಗೀರಿ ಇದನ್ನ."

"ತಡೀ, ಎಣ್ಣಿ ಹಚ್ಚತೀನಿ."

"ಎಣ್ಣಿ ಬ್ಯಾಡ, ಕತ್ತರಿ ತರ್ರಿ."

"ಅಪ್ಪನ ಆಣಿ ಐತಿ. ಅವ್ವ ಏನಂದಾಳು?" ಎಂದು ಅವನು ಎದ್ದು ಹೋದ. ನಾಳೆಯೂ ಅದೇ ಮಾತು, ನಾಡಿದ್ದೂ ಅದೇ.

ಎರಡನೆಯ ಡೋಸಿನ ಮಂಗಳವಾರ ಬಂತು. ಈ ಸಲ ತಾನೂ ಬರುವವಳೇ ಎಂದು ನಾಗವ್ವ ಹಟ ಹಿಡಿದು ಗಂಜಿಯ ಡಬ್ಬಿಯೊಂದಿಗೆ ರೈಲು ಹತ್ತಿದಳು. ಆಸ್ಪತ್ರೆಯಲ್ಲಿ ಮುದುಕಿಯನ್ನು ವಾರ್ಡಿನ ಹೊರಗಿನ ಪಡಸಾಲೆಯ ಬೆಂಚಿನ ಮೇಲೆ ಕೂರಿಸಿದರು. ಒಳಗೆ ಸಿಸ್ಟರ್ ಸೂಜಿ ಹಿಡಿದು ಬಂದಾಗ ಶಾಂತವ್ವ ಎರಡೂ ಕೈಗಳನ್ನು ಕಂಕುಳಲ್ಲಿ ಬಚ್ಚಿಟ್ಟುಕೊಂಡಳು.

"ಸೂಜಿ ಆ ಕಡೆ ಇಡ್ರಿ ಸಿಸ್ಟರ್. ಮೊದಲ ಇವರು ನನ್ನ ಕೂದಲಾ ತೆಗೀಲಿ, ಆಮ್ಯಾಲೆ ಕೈ ಕೊಡತೀನಿ."

"ಅಮ್ಮಾ, ಡೋಸ್ ತಪ್ಪಿಸಬಾರದು, ರೋಗಕ್ಕೆ ಸದರ ಕೊಟ್ಟಂಗಾಗುತ್ತೆ" ಎಂದರು ಸಿಸ್ಟರ್. "ನಮ್ಮ ವಾರ್ಡಿನವರ ಹತ್ತಿರ ಮಷಿನ್ ಇದೆ, ಕರೀಲಾ?"

"ಏನಂದಿ ಯವ್ವಾ? ಹಡಪದವರ ಮನಿ ಸೊಸಿ ನಾ! ಗದಗದಾಗ ಅರ್ಧ ಊರಿನ ತಲಿ ನಮ್ಮ ಮನ್ಯಾವರ ಕೈಯಾಗ ಐತಿ. ನನ್ನ ತಲಿ ಮಂದಿ ಕೈಗೆ ಕೊಡ್ಲೇನು?" ಗಂಡನ ಕಡೆ ತಿರುಗಿ, "ಊರಿಗೆ ಉಪಕಾರಿ, ಮನಿಗೆ ಮಾರಿ!" ಎಂದಳು.

ದಾನಮ್ಮ ಚೀಲದಿಂದ ನನ್ನನ್ನು ಎಳೆದು, "ನಾ ತೆಗೀತೀನಿ ಬಿಡವ್ವಾ" ಎಂದಳು. "ಇಡು ಕೆಳಗ. ನಿನ್ನ ಕೈಗೆ ಸಿಕ್ಕರ ಕುರಿ ಬೋಳಿಸಿದಂಗ ಆಗ್ತೈತಿ" ಎಂದು ತಾಯಿ ಗದರಿದಳು. ಗುರುಲಿಂಗಪ್ಪ ಮಗಳ ಕೈಯಿಂದ ನನ್ನನ್ನು ಕಸಿದುಕೊಂಡು ಪಡಸಾಲೆಗೆ ಹೋದ. ನನ್ನನ್ನು ಮುಷ್ಟಿಯಲ್ಲಿ ಹಿಡಿದೇ ಮೆಟ್ಟಿಲ ಮೇಲೆ ಕುಸಿದು ಕೂತ. ದಾನಮ್ಮ ಹಿಂದೆಯೇ ಬಂದಳು. ಸಿಟ್ಟಿನಿಂದ ಬಂದಿದ್ದವಳು ಅಪ್ಪನ ಕಣ್ಣಲ್ಲಿ ನೀರು ಕಂಡು ಮೆತ್ತಗಾದಳು.

"ಅಪ್ಪನ ಆಣಿ, ಅವ್ವ ಏನಂದಾಳು ಅನ್ನೂ ಅಂಜಿಕಿ, ಅಷ್ಟ ಅಲ್ಲ ದಾನಿ" ಎಂದ ಅವನು. "ಆ ಕೂದಲಾ ನನ್ನ ಕೈಯಾರೆ ಕತ್ತರಿಸಿದ್ರ ಆಕಿ ಉಳಿಯಂಗಿಲ್ಲ ಅಂತ ನಾನ ಒಪ್ಪಿಕೊಂಡಂಗ ಆಗ್ತೈತಿ. ಅದಕ್ಕ ಕೈ ಬರವಲ್ದು."

ಬೆಂಚಿನ ಮೇಲೆ ತೂಕಡಿಸುತ್ತಿದ್ದಾಳೆ ಎಂದು ಎಲ್ಲರೂ ತಿಳಿದಿದ್ದ ನಾಗವ್ವ ಕಣ್ಣು ಬಿಟ್ಟಳು. "ಏನಲೇ ಗುರುಲಿಂಗ, ಮನ್ಯಾಗ ಇಷ್ಟೆಲ್ಲಾ ನಡದೈತಿ, ನನಗ ಹೇಳಬೇಕಂತ ಯಾರಿಗೂ ಅನಿಸಲಿಲ್ಲೇನು? ನನ್ನ ಹೆಸರ ಮುಂದ ಮಾಡಿ ಹೆಂಡ್ತೀನ ಅಳಸ್ತಿಯಾ? ನಿಮ್ಮಪ್ಪ ಆಣಿ ಯಾಕ ಇಟ್ಟ, ಗೊತ್ತೈತೇನು ನಿನಗ?"

ಅವನಿಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ನಾಗವ್ವನೇ ಹೇಳಿದಳು. ನಾನು ಹುಟ್ಟುವ ಎಷ್ಟೋ ವರ್ಷ ಮೊದಲು, ಬಸಪ್ಪಜ್ಜ ಮೀಸೆ ಮೂಡುವ ಹುಡುಗನಾಗಿದ್ದಾಗ, ದೊಡ್ಡ ಮನೆಯೊಂದರಿಂದ ಕರೆ ಬಂದಿತ್ತಂತೆ. ಗಂಡ ಸತ್ತ ಒಂದು ಎಳೆಯ ಹುಡುಗಿಯ ತಲೆ ಬೋಳಿಸಬೇಕಿತ್ತು. ಹುಡುಗಿ ಕಂಬ ತಬ್ಬಿಕೊಂಡು ಒಲ್ಲೆ ಒಲ್ಲೆ ಎಂದು ಚೀರುತ್ತಿತ್ತು. ಮನೆಯವರೇ ಹಿಡಿದು ಕೂರಿಸಿದರು. ಹೆದರಿದ ಬಸಪ್ಪ ಹೇಳಿದ ಕೆಲಸ ಮಾಡಿ ಮನೆಗೆ ಬಂದು ಬಿದ್ದವನು ಅನ್ನ ಮುಟ್ಟಲಿಲ್ಲ.

"ಒಲ್ಲೆ ಅಂದ ಹೆಣ್ಣಿನ ತಲಿ ಮುಟ್ಟಿದ ಕೈ ಇದು ಅಂತ ಲಗ್ನ ಆದ ಮ್ಯಾಲೂ ನನ್ನ ಮುಂದ ಅತ್ತಾನ" ಎಂದಳು ನಾಗವ್ವ. "ಆ ಹುಡುಗಿ ಒಲ್ಲೆ ಅಂತಿತ್ತು. ನಿನ್ನ ಹೆಂಡ್ತಿ ಬೇಕು ಅಂತಾಳ. ಎರಡೂ ಒಂದೇನಲೇ? ಆಕಿ ಬದಕಾಕ ಕೇಳಾಕತ್ತಾಳ, ಸಾಯಾಕಲ್ಲ. ಏಳು ಮ್ಯಾಲೆ!"

ಎದ್ದ. ಅವ್ವನ ಕಾಲು ಮುಟ್ಟಿ ಒಳಗೆ ಹೋದ. ಚೀಲದಿಂದ ರೇಜರನ್ನೂ ತೆಗೆದದ್ದು ಕಂಡು ಸಿಸ್ಟರ್ ತಡೆದರು. "ರೇಜರ್ ಬೇಡ ಕಾಕಾ. ಈಗ ಸಣ್ಣ ಗಾಯ ಆದರೂ ನಂಜಾಗುತ್ತೆ. ಕತ್ತರಿಯಲ್ಲೇ ಗಿಡ್ಡ ಮಾಡಿ." ಜೀವಮಾನವಿಡೀ ನನ್ನ ಪಕ್ಕ ಮಲಗಿ ಠೇಂಕಾರ ಮಾಡುತ್ತಿದ್ದ ರೇಜರ್ ಬಾಯಿ ಮುಚ್ಚಿಕೊಂಡು ಚೀಲ ಸೇರಿತು. ನನಗೆ ಸ್ಪಿರಿಟ್ ಹಚ್ಚಿ ಒರೆಸಿದರು. ಅಬ್ಬಾ, ಅದೇನು ಗಾಟು! ಆದರೂ ಮದುವಣಿಗನ ಹಾಗೆ ಸೆಟೆದು ನಿಂತೆ.

ಪಡಸಾಲೆಯ ಬೆಳಕಿನಲ್ಲಿ ಕುರ್ಚಿ ಹಾಕಿದರು. ಗುರುಲಿಂಗಪ್ಪ ಹೆಂಡತಿಯ ಹೆಗಲಿಗೆ ಬಿಳಿ ಬಟ್ಟೆ ಹೊದಿಸಿ, ಹಿಂದೆ ಗಂಟು ಹಾಕಿ, ಬಾಚಣಿಗೆ ಹಿಡಿದ. ಹಾಗೆ ನಿಂತ ಕೂಡಲೇ ವರ್ಷಾನುಗಟ್ಟಲೆಯ ರೂಢಿ ಬಾಯಿಗೆ ಬಂದುಬಿಟ್ಟಿತು: "ಹೆಂಗ ಮಾಡ್ಲಿ? ಶಾರ್ಟಾ, ಮೀಡಿಯಮ್ಮಾ?"

ಶಾಂತವ್ವ ನಕ್ಕಳು. ಹೊಟ್ಟೆ ಹಿಡಿದುಕೊಂಡು ನಕ್ಕಳು. ದಾನಮ್ಮ ನಕ್ಕಳು, ಸಿಸ್ಟರ್ ನಕ್ಕರು, ನಾಗವ್ವ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. "ಮಿಲಿಟ್ರಿ ಕಟಿಂಗ್ ಮಾಡ್ರಿ, ಯುದ್ಧಕ್ಕ ಹೊಂಟೀನಿ" ಎಂದಳು ಶಾಂತವ್ವ.

ಅವನು ಒಂದೊಂದೇ ಎಳೆ ಬಿಡಿಸಿ, ಅಳೆದು ಅಳೆದು ನನ್ನನ್ನು ಆಡಿಸತೊಡಗಿದ. ಆ ಕೈ ಅಷ್ಟು ನಿಧಾನವಾದದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ. "ಕಿವಿ ಹುಷಾರ್ರಿ, ಅದು ತಿರುಗಿ ಬರಂಗಿಲ್ಲ!" ಎಂದು ಅವಳು ಕೆಣಕಿದಳು. ನಾನೂ ಜೀವ ಬಿಗಿಹಿಡಿದು ಕೆಲಸ ಮಾಡಿದೆ. ಮುಟ್ಟಬೇಕೆಂದು ಅಷ್ಟು ವರ್ಷ ಆಸೆಪಟ್ಟಿದ್ದ ಕೂದಲು ನನ್ನ ಬಾಯಿಗೆ ಸಿಕ್ಕಿತ್ತು, ಸಂತೋಷವಾಗಲಿಲ್ಲ. ಅಳು ಬಂತು ಎಂದರೆ ನಂಬುತ್ತೀರೋ ಇಲ್ಲವೋ. ಸಿಕ್ಕುಗಟ್ಟಿದ ಜಡೆ ಬೇರಾಗಿ ಅವನ ಕೈಗೆ ಬಂದಾಗ ಎಲ್ಲಿಡಬೇಕೋ ತಿಳಿಯದೆ ನಿಂತ. "ಹಾವು ಹಿಡದಂಗ ಯಾಕ ಹಿಡಕೊಂಡ ನಿಂತೀರಿ? ಒಗೀರಿ ಅದನ್ನ" ಎಂದಳು. ದಾನಮ್ಮ ಅದನ್ನು ಪೇಪರಿನಲ್ಲಿ ಸುತ್ತಿ ಕಸದ ಡಬ್ಬಿಗೆ ಹಾಕಿ ಬಂದಳು.

ಕೆಲಸ ಮುಗಿದಾಗ ರೂಢಿಯಂತೆ ಕೈಗನ್ನಡಿ ಎತ್ತಿದವನು ಅರ್ಧಕ್ಕೇ ತಡೆದ. ಶಾಂತವ್ವ ತಾನೇ ಕಸಿದುಕೊಂಡು ನೋಡಿದಳು. ಎಡಕ್ಕೆ ತಿರುಗಿ ನೋಡಿದಳು, ಬಲಕ್ಕೆ ತಿರುಗಿ ನೋಡಿದಳು. ಕಣ್ಣು ತುಂಬಿತು, ಆದರೆ ದನಿ ಗಟ್ಟಿಯಾಗಿತ್ತು. "ನಮ್ಮ ಅಪ್ಪನಂಗ ಕಾಣಸ್ತೀನಲ್ರಿ! ತಲಿ ಹಗುರಾತು. ಸಿಸ್ಟರ್, ಬರ್ರಿ, ಯಾವ ಕೈ ಬೇಕು ತಗೋರಿ."

ಆ ಡೋಸ್ ನಡೆಯಿತು. ಅದರ ಮುಂದಿನದೂ ನಡೆಯಿತು. ಸುಲಭವಾಗಿತ್ತು ಎಂದು ನಾನು ಸುಳ್ಳು ಹೇಳುವುದಿಲ್ಲ. ಬಾಯಿಯಲ್ಲಿ ಹುಣ್ಣು, ನೀರು ಕುಡಿದರೂ ವಾಂತಿ, ಉಗುರು ಕಪ್ಪು. ಒಮ್ಮೊಮ್ಮೆ ಶಾಂತವ್ವ ಗೋಡೆಗೆ ಮುಖ ಮಾಡಿ ಮಲಗಿಬಿಡುತ್ತಿದ್ದಳು. ಆಗ ದಾನಮ್ಮ ಕಾಲೊತ್ತುತ್ತ ಕೊಪ್ಪಳದ ಅತ್ತೆಯ ಚಾಡಿ ಹೇಳುತ್ತಿದ್ದಳು. ಶಾಂತವ್ವ ಮಗ್ಗುಲಾಗಿ "ಆಮ್ಯಾಲೇನಾತು?" ಎಂದು ಕೇಳಿದರೆ ಸಾಕು, ನಾಗವ್ವ ಗಂಜಿಯ ಚಮಚ ಹಿಡಿದು ಸಿದ್ಧಳಾಗಿರುತ್ತಿದ್ದಳು. ಗುರುಲಿಂಗಪ್ಪನಿಗೆ ಹೇಳಲು ಚಾಡಿ ಇರಲಿಲ್ಲ. ಅವನು ಹೆಂಡತಿಯ ಬೋಳು ತಲೆಗೆ ತಣ್ಣನೆಯ ಅಂಗೈ ಇಟ್ಟುಕೊಂಡು ಕೂರುತ್ತಿದ್ದ, ತಿಕ್ಕುತ್ತಿರಲಿಲ್ಲ.

ನನಗೂ ಬಿಡುವಿರಲಿಲ್ಲ. ಪಡಸಾಲೆಯ ನಗು ಕೇಳಿದ್ದ ಪಕ್ಕದ ಹಾಸಿಗೆಯ ರಜಿಯಾಬಿ, "ಕಾಕಾ, ನನಗೂ ಮಾಡ್ತೀರೇನ್ರಿ?" ಎಂದು ಕೇಳಿದಳು. ಅವಳ ಬೆನ್ನಿಗೆ ಇನ್ನೊಬ್ಬಳು. ಗುರುಲಿಂಗಪ್ಪ ಬಟ್ಟೆ ಹೊದಿಸಿ, ನನ್ನನ್ನು ಕೈಯಲ್ಲಿ ಹಿಡಿದು, ಪ್ರತಿಯೊಬ್ಬಳನ್ನೂ ಕೇಳುತ್ತಿದ್ದ, "ಹಚ್ಚಲೇನವ್ವಾ? ಮನಸ್ಸೈತೇನು?" ಹೂಂ ಎಂದರಷ್ಟೇ ನಾನು ಬಾಯಿ ತೆರೆಯಬೇಕು. ಒಬ್ಬ ಹುಡುಗಿ ಬಟ್ಟೆ ಹೊದ್ದ ಮೇಲೆ ಬೇಡ ಎಂದಳು. ಅವನು ಬಟ್ಟೆ ಬಿಚ್ಚಿ, ಕೊಡವಿ, ಮಡಚಿ ಇಟ್ಟ. ಯಾಕೆ ಎಂದು ಕೇಳಲಿಲ್ಲ.

ಕೊನೆಯ ಡೋಸ್ ಮುಗಿದು, ಆಪರೇಷನ್ನೂ ಆಗಿ, ಕಡೆಯ ಪರೀಕ್ಷೆ ಮಾಡಿದ ಡಾಕ್ಟರು ರೋಗ ಎಲ್ಲೂ ಕಾಣುತ್ತಿಲ್ಲ ಎಂದ ದಿನ, ಗುರುಲಿಂಗಪ್ಪ ಗದಗಿನ ಅಂಗಡಿಗೆ ಬಂದವರಿಗೆಲ್ಲ ಪೇಡೆ ಹಂಚಿದ. ಈಗ ಅಂಗಡಿಯಲ್ಲಿ ಕರೆಂಟಿನ ಮಷಿನ್‌ಗಳಿವೆ. ನನ್ನ ಅಲಗು ಸಾಣೆ ಹಿಡಿದು ಹಿಡಿದು ಸವೆದಿದೆ, ತಿರುಪು ಸಡಿಲ. ಮಂಗಳವಾರ ಮಾತ್ರ ಆ ವಾರ್ಡಿನ ಹೆಣ್ಣುಮಕ್ಕಳಿಗಾಗಿ ಹುಬ್ಬಳ್ಳಿಗೆ ಹೋಗಿ ಬರುತ್ತೇನೆ. ಉಳಿದ ದಿನ ಮನೆಯ ಗೋಡೆಯಲ್ಲಿರುವ ಗೂಡಿನಂಥ ಮಾಡಿನಲ್ಲಿ ಮಲಗಿರುತ್ತೇನೆ.

ಮೊನ್ನೆ ಶಾಂತವ್ವ ಹಿತ್ತಲ ಬಿಸಿಲಿನಲ್ಲಿ ಕೂತು ತಲೆ ಆರಿಸಿಕೊಳ್ಳುತ್ತಿದ್ದಳು. ಹೊಸ ಕೂದಲು ಬಂದಿದೆ. ಮೊದಲಿನ ಹಾಗೆ ನೇರವಲ್ಲ, ಗುಂಗುರು ಗುಂಗುರು, ಅರ್ಧ ಬಿಳಿ, ಒಂದು ಕಡೆ ಗಿಡ್ಡ, ಒಂದು ಕಡೆ ಉದ್ದ. ಕಸುಬಿನವನ ಕಣ್ಣು ಅದನ್ನು ತಾಳುತ್ತದೆಯೇ? ಗುರುಲಿಂಗಪ್ಪ ಮೆಲ್ಲಗೆ ನನ್ನನ್ನು ತಂದು, "ಕಿವಿ ಹಿಂದ ಸ್ವಲ್ಪ ಏರುಪೇರು ಐತಿ, ಸಮ ಮಾಡ್ಲೇನು?" ಎಂದ.

ಶಾಂತವ್ವ ಎರಡೂ ಕೈಯಿಂದ ತಲೆ ಮುಚ್ಚಿಕೊಂಡಳು. "ಒಂದು ಎಳಿ ಮುಟ್ರಿ, ನಿಮ್ಮ ಬೆರಳ ಮುರದ ಬಿಡ್ತೀನಿ! ಒಯ್ದ ಇಡ್ರಿ ಅದನ್ನ."

ಗುರುಲಿಂಗಪ್ಪ ನಗುತ್ತ ನನ್ನನ್ನು ತಂದು ಮಾಡಿನಲ್ಲಿಟ್ಟು, ಹೊಸ್ತಿಲಿಗೆ ಹೋಗಿ ಅವಳನ್ನೇ ನೋಡುತ್ತ ನಿಂತ. ಸಾವಿರ ತಲೆ ಕಂಡ ನನಗೆ ಇಂಥ ಬೈಗುಳ ತಿಂದು ಇಷ್ಟು ಹಿಗ್ಗಾದದ್ದು ಇದೇ ಮೊದಲು. ಬೆಳೆಯಲಿ ಆ ಕೂದಲು. ಬೆಳೆದು ಮೊಣಕಾಲು ಮುಟ್ಟಲಿ. ನನಗೆ ಬೇಕಾದರೆ ತುಕ್ಕು ಹಿಡಿಯಲಿ.