ಎರಡನೇ ವೋಟು

"ಸುಂದರೇಶನ್ನ ಹೊರಗೆ ಹಾಕದೆ ಈ ಸಭೆ ಮುಗಿಯಲ್ಲ!" ಮಾರಪ್ಪ ಮೇಜು ಗುದ್ದಿದ.

ಜಯಪುರದ ತೋಟ ಕಾರ್ಮಿಕರ ಸಂಘದ ಕೋಣೆಯಲ್ಲಿ ಮೂವತ್ತು ಜನ ಜಮಖಾನದ ಮೇಲೆ ಕೂತಿದ್ದರು. ಪಂಚಾಯಿತಿ ಚುನಾವಣೆ ಸೋತು ಎಂಟು ದಿನ. ವಾರ್ಡಿಗೆ ಎರಡು ಸ್ಥಾನ, ಒಬ್ಬೊಬ್ಬರಿಗೂ ಎರಡು ವೋಟು. ಸಂಘ ನಿಲ್ಲಿಸಿದ್ದು ಅಧ್ಯಕ್ಷ ಮಾರಪ್ಪನನ್ನು, ಕಾರ್ಯದರ್ಶಿ ಸುಂದರೇಶನನ್ನು. ಸಂಘದವರೆಲ್ಲ ಇಬ್ಬರಿಗೂ ಮುದ್ರೆ ಒತ್ತಿದ್ದರೆ ಇಬ್ಬರೂ ಗೆಲ್ಲುತ್ತಿದ್ದರು. ತೋಟದ ಲೈನ್ ಮನೆಗಳಲ್ಲಿರುವ ಕೂಲಿಯವರು ಇಪ್ಪತ್ತು ವರ್ಷದಿಂದ ಕೇಳುತ್ತಿದ್ದ ಮನೆ ಸೈಟಿಗೆ ದಾರಿಯಾಗುತ್ತಿತ್ತು. ಈಗ ಒಬ್ಬ ಹನ್ನೊಂದು ವೋಟಿನಲ್ಲಿ ಸೋತ, ಇನ್ನೊಬ್ಬ ಹದಿನಾಲ್ಕರಲ್ಲಿ. ಗೆದ್ದವರು ತೋಟದ ಧಣಿಗಳು.

"ನಿನ್ನ ಕಡೆಯವರು ನಿನಗೊಂದು ಒತ್ತಿ ಇನ್ನೊಂದನ್ನ ಹಾಗೇ ಬಿಟ್ರೋ ಇಲ್ವೋ? ಗಂಡಸಾದ್ರೆ ಹೇಳು," ಮಾರಪ್ಪ ಸುಂದರೇಶನತ್ತ ಬೆರಳು ತೋರಿಸಿದ.

"ಬಿಟ್ರು. ಮಧ್ಯಾಹ್ನದ ಮೇಲೆ ನಾನೇ ಹೇಳ್ದೆ," ಎಂದ ಸುಂದರೇಶ. "ಬೆಳಗ್ಗೆನೇ ನಿಮ್ಮ ಕಡೆಯವರು ಶುರು ಹಚ್ಕೊಂಡಿದ್ರಲ್ಲ ಮಾರಾಯ. ನಾನೆಂತ ಬಾಯಲ್ಲಿ ಬೆರಳಿಟ್ಕೊಂಡು ಕೂರ್ಬೇಕಿತ್ತಾ?"

"ಯಾರು ಹೇಳಿದ್ದು? ಹೆಸರು ಹೇಳು!"

ಹೇಳಿದ್ದು ಮಾರಪ್ಪನೇ. ವೋಟಿನ ದಿನ ಬೆಳಗ್ಗೆ ಬೂತಿನ ಆಚೆಯ ಹಲಸಿನ ಮರದ ಕೆಳಗೆ, ತನ್ನ ಲೈನಿನ ಹಿರಿಯಳಾದ ಕರಿಯಕ್ಕನ ಕಿವಿಯಲ್ಲಿ: 'ನಮ್ಮ ಲೈನಿನವರು ನನಗೊಂದೇ ಒತ್ಲಿ. ಅವನು ನನಗಿಂತ ಒಂದು ವೋಟು ಹೆಚ್ಚು ತಗೊಂಡ್ರೆ ನಾಳೆ ಸಂಘಕ್ಕೆ ಅವನೇ ಅಧ್ಯಕ್ಷ.'

ಗೋಡೆಗೆ ಒರಗಿದ್ದ ಕರಿಯಕ್ಕ ಎದ್ದು ನಿಂತಳು. "ನಾನು ಹೇಳ್ದೆ. ಓದು ಬಾರದವಳು. ಎರಡು ಒತ್ತಿದ್ರೆ ವೋಟು ಕೆಡ್ತದೆ ಅಂತ ತಿಳ್ಕಂಡೆ. ತಪ್ಪಾತು."

"ಹಂಗಾದ್ರೆ ಈ ಮುದುಕೀನೇ ತೆಗೀರಿ!" ಸುಂದರೇಶನ ಪಕ್ಕದಿಂದ ಧರ್ಮಪ್ಪ ಕೂಗಿದ. ನಾಲ್ಕಾರು ಜನ ಹೂಂಗುಟ್ಟಿದರು.

ಸಂಘದ ಮೊದಲನೇ ಮುಷ್ಕರದಲ್ಲಿ ಧಣಿಯ ಆಳುಗಳ ದೊಣ್ಣೆಗೆ ಅಡ್ಡ ನಿಂತವಳು ಕರಿಯಕ್ಕ. ಅಲ್ಲಿದ್ದ ಅರ್ಧ ಜನ ಆಗ ಹುಟ್ಟಿರಲೇ ಇಲ್ಲ. ಮಾರಪ್ಪ ಸುಮ್ಮನಿದ್ದರೆ ಸಾಕಿತ್ತು. ಅವಳು ಅವನ ಕಡೆ ತಿರುಗಿಯೂ ನೋಡಲಿಲ್ಲ. ಅದನ್ನೇ ಅವನಿಗೆ ತಡೆಯಲಾಗಲಿಲ್ಲ.

"ಕೂತ್ಕಾ ಕರಿಯಕ್ಕ! ಸುಳ್ಳು ಹೇಳಕ್ಕೂ ಬರಲ್ಲ ನಿನಗೆ," ಎಂದು ಗದರಿದ. ಠರಾವು ಪುಸ್ತಕವನ್ನು ಸುಂದರೇಶನ ಮುಂದೆ ತಳ್ಳಿದ. "ಹೇಳಿಸಿದ್ದು ನಾನು. ಬರ್ಕೋ. ತೆಗೆಯೋದು ನನ್ನ ಹೆಸರೇ."

ಸುಂದರೇಶ ಪೆನ್ನಿನ ಕ್ಯಾಪು ತೆಗೆದ. ತಾರೀಖು ಬರೆದು ನಿಲ್ಲಿಸಿದ.

"ನನ್ನದೂ ಬರೀಬೇಕಾಗ್ತದಲ್ಲ. ಇಬ್ಬರನ್ನೂ ತೆಗೆದ್ರೆ ಸೋಮವಾರ ಸೈಟಿನ ಅರ್ಜಿ ಹಿಡ್ಕೊಂಡು ಕೊಪ್ಪದ ತಾಲೂಕಾಫೀಸಿಗೆ ಹೋಗೋರು ಯಾರು? ಈ ಧರ್ಮಪ್ಪನಾ?"

ಯಾರೋ ಕಿಸಕ್ಕನೆ ನಕ್ಕರು. ಸುಂದರೇಶ ಪುಸ್ತಕ ಮುಚ್ಚಿದ.

ಜನ ಕರಗಿದ ಮೇಲೆ ಕರಿಯಕ್ಕ ಜಮಖಾನ ಎತ್ತಹೋದಳು. ಒಬ್ಬಳಿಂದ ಆಗುವ ಕೆಲಸವಲ್ಲ. ಮಾರಪ್ಪ ಬಂದು ಒಂದು ತುದಿ ಹಿಡಿದ. ಇನ್ನೊಂದನ್ನು ಸುಂದರೇಶ ಎತ್ತಿಕೊಂಡ. ಮುಖ ನೋಡದೆ ಧೂಳು ಕೊಡವಿ, ಮಡಿಸಲು ಇಬ್ಬರೂ ಎದುರುಬದುರು ನಡೆದು ಬಂದರು. ಮೂಲೆಗೆ ಮೂಲೆ ಕೂಡಲಿಲ್ಲ.

"ಹಿಂದೆ ಹೋಗಿ," ಎಂದಳು ಕರಿಯಕ್ಕ. "ಇನ್ನೊಂದ್ಸಲ ಬನ್ನಿ."